ಮೊದಲು ಏನು ಮಾಡಿದಿರಿ

ಆಸ್ಪತ್ರೆ, ಹೋಟೆಲುಗಳ ಹಾಸಿಗೆ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಆ ದೊಡ್ಡ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಸೀಟಿಯಕ್ಕ ಎಂದೇ ಕರೆಯುತ್ತಿದ್ದರು. ಯಂತ್ರಗಳ ಗದ್ದಲದಲ್ಲಿ ಮನುಷ್ಯರ ಗಂಟಲಿಗೆ ಬೆಲೆಯಿಲ್ಲ ಎಂದು ಗೊತ್ತಾದ ಮೇಲೆ ಅವಳು ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆಯುವುದನ್ನು ಕಲಿತಿದ್ದಳು. ಹದಿನಾರು ವರ್ಷದ ಸರ್ವೀಸು. ರೋಲರ್ ಇಸ್ತ್ರಿ ವಿಭಾಗದ ಹದಿನೆಂಟು ಹೆಂಗಸರಿಗೆ ಅವಳೇ ಮೇಸ್ತ್ರಿ. ಅವಳು ಸೀಟಿ ಹೊಡೆದರೆ ಹದಿನೆಂಟು ತಲೆ ಒಟ್ಟಿಗೆ ತಿರುಗುತ್ತಿದ್ದವು. ಮನೆಯಲ್ಲಿ ಮಾತ್ರ ಹನ್ನೊಂದು ದಿನಗಳಿಂದ ಅವಳ ಕಡೆ ತಿರುಗುವ ತಲೆ ಒಂದೂ ಇರಲಿಲ್ಲ.

ಮನೆಯಲ್ಲಿ ಇದ್ದದ್ದೇ ಮೂವರು: ಅವಳು, ಗಂಡ, ಗಂಡನ ತಂಗಿ. ನಾದಿನಿಯನ್ನು ಮೂರು ತಿಂಗಳ ಹಿಂದೆ ಲಾಂಡ್ರಿಗೆ ಸೇರಿಸಿದವಳು ಸೀಟಿಯಕ್ಕನೇ. ಹನ್ನೊಂದು ದಿನಗಳ ಹಿಂದೆ ಆ ನಾದಿನಿಯ ಬಲಗೈ ಬಿಸಿ ರೋಲರಿಗೆ ಸಿಕ್ಕಿ ಮಣಿಕಟ್ಟಿನ ತನಕ ಬೆಂದು ಜಜ್ಜಿಹೋಗಿತ್ತು. ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಉಳಿದ ಮೂರು ಮಡಚುತ್ತವೋ ಇಲ್ಲವೋ ಎಂದು ಕೇಳಿದರೆ ಡಾಕ್ಟರು ಇನ್ನೊಂದು ಆಪರೇಷನ್ ಆಗಲಿ, ಆಮೇಲೆ ನೋಡೋಣ ಎಂದು ಜಾರಿಕೊಳ್ಳುತ್ತಿದ್ದರು.

ಒಂದು ಕೈಯಲ್ಲಿ ಜಡೆ ಹೆಣೆದುಕೊಳ್ಳಲು ಬರುವುದಿಲ್ಲ. ರವಿಕೆಯ ಗುಂಡಿ ಹಾಕಿಕೊಳ್ಳುವುದೂ ಕಷ್ಟ. ಗಂಡಸು ಮಾಡುವ ಕೆಲಸವಲ್ಲವೆಂದು ಅಣ್ಣ ಹೊರಗೆ ಹೋಗಿ ನಿಲ್ಲುತ್ತಿದ್ದ. ಹಾಗಾಗಿ ದಿನಾ ಬೆಳಗ್ಗೆ ಈ ಇಬ್ಬರು ಹೆಂಗಸರು ಒಬ್ಬರ ಉಸಿರು ಒಬ್ಬರಿಗೆ ತಾಗುವಷ್ಟು ಹತ್ತಿರ ಕೂರಲೇಬೇಕಿತ್ತು, ಮಾತು ಮಾತ್ರ ಇಲ್ಲ. ನಾದಿನಿ ಹೇಳಬೇಕಾದ್ದನ್ನು ಬಾಗಿಲಾಚೆಗೆ ಹೇಳುತ್ತಿದ್ದಳು. "ಅಣ್ಣಾ, ನಿನ್ನ ಹೆಂಡ್ತಿಗೆ ಹೇಳು, ಕೂದಲು ಕೀಳ್ತಿದಾಳೆ." ಅಣ್ಣನೆಂಬ ಪ್ರಾಣಿ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಹಾಗೆ ಇತ್ತಲೂ ಇಲ್ಲದೆ ಅತ್ತಲೂ ಇಲ್ಲದೆ, ಚಪ್ಪಲಿ ಹುಡುಕುವವನಂತೆ ನಟಿಸುತ್ತಿದ್ದ. ಸೀಟಿಯಕ್ಕನಿಗೆ ಸಿಟ್ಟು ನೆತ್ತಿಗೇರುತ್ತಿತ್ತು. ತಿಂದ ಮನೆಗೆ ಎರಡು ಬಗೆಯುವವಳು, ತಲೆ ಬಾಚುವ ಕೈಯನ್ನೇ ಬೈಯುವವಳು ಎಂದು ಒಳಗೊಳಗೇ ಶಾಪ ಹಾಕುತ್ತಲೇ ಅವಳು ಜಡೆಯನ್ನು ಸಡಿಲ ಮಾಡುತ್ತಿದ್ದಳು. ಆ ಸಿಟ್ಟಿಗೆ ಬುಡವಿಲ್ಲವೆಂಬುದು ಅವಳಿಗೆ ಗೊತ್ತಿತ್ತು, ಅದಕ್ಕೇ ಅದು ಇಳಿಯುತ್ತಿರಲಿಲ್ಲ.

ಬುಡ ಇದ್ದದ್ದು ಯಂತ್ರದಲ್ಲಿ. ರೋಲರ್ ಇಸ್ತ್ರಿಯೆಂದರೆ ಎರಡಾಳು ಅಗಲದ ಯಂತ್ರ. ಮುಂದೆ ನಿಂತ ಇಬ್ಬರು ಒದ್ದೆ ಹೊದಿಕೆಯ ಎರಡು ತುದಿ ಹಿಡಿದು ಒಳಗೆ ಬಿಡಬೇಕು, ಹಿಂದೆ ನಿಂತವರು ಬಿಸಿಬಿಸಿಯಾಗಿ ಎಳೆದು ಮಡಚಬೇಕು. ಬಟ್ಟೆಯ ಜೊತೆ ಬೆರಳು ಹೋಗದಿರಲೆಂದು ರೋಲರಿನ ಮುಂದೆ ಒಂದು ಕಾವಲು ಸರಳು ತೂಗುತ್ತದೆ. ಕೈ ತಾಗಿ ಅದು ಒಳಕ್ಕೆ ಸರಿದರೆ ಯಂತ್ರ ಗಕ್ಕನೆ ನಿಲ್ಲುತ್ತದೆ. ಆದರೆ ಅದಕ್ಕೆ ಕೈ ಯಾವುದು, ದಪ್ಪ ಅಂಚು ಯಾವುದು ಎಂಬ ಭೇದವಿಲ್ಲ. ಆಸ್ಪತ್ರೆಯ ಒರಟು ಹೊದಿಕೆ ಬಂದ ದಿನ ಗಂಟೆಗೆ ಹತ್ತು ಸಲ ನಿಲ್ಲುತ್ತಿತ್ತು, ನಿಂತ ಕಡೆ ಬಟ್ಟೆ ಸೀಯುತ್ತಿತ್ತು. ಅದಕ್ಕೆ ಆ ವಿಭಾಗದವರು ಕಂಡುಕೊಂಡ ಮದ್ದೆಂದರೆ ಹಳೆ ಹೊದಿಕೆಯಿಂದ ಹರಿದ ಒಂದು ಪಟ್ಟಿ. ಬೆಳಗ್ಗೆ ಬಂದೊಡನೆ ಸರಳನ್ನು ಮೇಲಕ್ಕೆತ್ತಿ ಬಲಗಡೆಯ ಕಂಬಕ್ಕೆ ಕಟ್ಟುವುದು, ಹೊರಗಿನವರು ಯಾರಾದರೂ ಬರುತ್ತಾರೆಂದರೆ ಬಿಚ್ಚುವುದು. ಕಟ್ಟುವವಳೂ ಸೀಟಿಯಕ್ಕ, ಬಿಚ್ಚುವವಳೂ ಸೀಟಿಯಕ್ಕ. ಗೇಟಿನಲ್ಲಿ ಗುರುತಿಲ್ಲದ ಕಾರು ನಿಂತರೆ ಸಾಕು, ಯಾರೂ ಹೇಳಬೇಕಾಗಿರಲಿಲ್ಲ, ಅವಳ ಕೈ ತಾನಾಗಿ ಗಂಟಿಗೆ ಹೋಗುತ್ತಿತ್ತು.

ಆ ದಿನ ನಾದಿನಿ ಹೊದಿಕೆಯ ಮೂಲೆ ಮಡಚಿದ್ದನ್ನು ಬಿಡಿಸಲು ಕೈ ಚಾಚಿದಳು. ಬಟ್ಟೆಯ ಮಡಿಕೆ ಬೆರಳನ್ನು ಸುತ್ತಿಕೊಂಡು ಒಳಗೆಳೆಯಿತು. ಪಕ್ಕದಲ್ಲೇ, ಎಡಗಡೆಯ ಕಂಬದ ಬಳಿ ಸೀಟಿಯಕ್ಕ ನಿಂತಿದ್ದಳು.

ಅದೇ ಸಂಜೆ ಮ್ಯಾನೇಜರು ಅಪಘಾತದ ವರದಿ ಬರೆದು ತಂದರು. ಹೆಂಗಸರು ಹಿಂದಿನಿಂದ ಅವರನ್ನು ಇಸ್ತ್ರಿ ಸಾಹೇಬ ಎನ್ನುತ್ತಿದ್ದರು. ಅವರ ಅಂಗಿಯಲ್ಲೂ ಸುಕ್ಕಿಲ್ಲ, ಮಾತಿನಲ್ಲೂ ಸುಕ್ಕಿಲ್ಲ. ವರದಿಯ ಪ್ರಕಾರ ಕಾವಲು ಸರಳು ಸುಸ್ಥಿತಿಯಲ್ಲಿ ಇತ್ತು, ಕೆಲಸಗಾರ್ತಿ ಸರಳಿಲ್ಲದ ಬದಿಯಿಂದ ಕೈ ಹಾಕಿದ್ದಾಳೆ, ಸ್ವಂತ ಅಜಾಗರೂಕತೆ. ಆ ಕೊನೆಯ ಮಾತು ನಿಂತರೆ ನಾದಿನಿಗೆ ಕೆಲಸವೂ ಇಲ್ಲ, ಮುಂದಿನ ಆಪರೇಷನ್ ಕಂಪನಿಯ ಹೊಣೆಯೂ ಅಲ್ಲ. ಸೀಟಿಯಕ್ಕನಿಗೆ ಓದಲು ಬರುತ್ತಿತ್ತು. ಓದಿದಳು, ಸಾಕ್ಷಿ ಎಂಬಲ್ಲಿ ಸಹಿಯನ್ನೂ ಮಾಡಿದಳು. ಉಳಿದ ಹದಿನೇಳು ಜನರೂ ಪಟ್ಟಿಯನ್ನು ಕಂಡೇ ಇಲ್ಲವೆಂದರು. ಪಟ್ಟಿ ಕಟ್ಟಿತ್ತು ಎಂದು ಹೇಳುತ್ತಿದ್ದವಳು ನಾದಿನಿಯೊಬ್ಬಳೇ.

ಹನ್ನೊಂದನೆಯ ದಿನ ತನಿಖೆಗೆ ಸರ್ಕಾರದ ಇನ್ಸ್‌ಪೆಕ್ಟರು ಬಂದರು. ಐವತ್ತರ ಹೆಂಗಸು, ಕೈಯಲ್ಲಿ ಅಳತೆಯ ಟೇಪು, ಮುಖದಲ್ಲಿ ಯಾರ ಕಡೆಗೂ ನಗುವಿಲ್ಲ. ಇಸ್ತ್ರಿ ಸಾಹೇಬರು ಕುರ್ಚಿ ಎಳೆದರೆ ಕೂರಲಿಲ್ಲ. ನಾದಿನಿಯನ್ನೂ ಕರೆಸಿದ್ದರು. ಅವಳು ಬ್ಯಾಂಡೇಜಿನ ಕೈಯನ್ನು ಎದೆಗೆ ಒತ್ತಿಕೊಂಡು, ತನ್ನ ಜೊತೆ ಮೂರು ತಿಂಗಳು ಊಟ ಹಂಚಿಕೊಂಡ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಾ ನಿಂತಳು. ಒಬ್ಬರೂ ಕತ್ತೆತ್ತಲಿಲ್ಲ.

ಇನ್ಸ್‌ಪೆಕ್ಟರು ಯಂತ್ರ ಓಡಿಸಲು ಹೇಳಿ ಒಂದು ಸುತ್ತಿದ ಟವೆಲನ್ನು ಸರಳಿಗೆ ತಾಗಿಸಿದರು. ಯಂತ್ರ ನಿಂತಿತು. ನೋಡಿದಿರಾ, ಸುಸ್ಥಿತಿ ಎಂದರು ಇಸ್ತ್ರಿ ಸಾಹೇಬರು. ಆಕೆ ನಾದಿನಿಯ ತೋಳನ್ನು ಬೆಳಕಿಗೆ ತಿರುಗಿಸಿದರು. ಬ್ಯಾಂಡೇಜಿನ ಮೇಲ್ಗಡೆ, ತೋಳಿಗೆ ಅಡ್ಡಲಾಗಿ, ಗೆರೆ ಎಳೆದಂಥ ಒಂದು ನೀಲಿ ಬಾಸುಂಡೆ ಇನ್ನೂ ಮಾಸಿರಲಿಲ್ಲ. ಕೈ ಒಳಗಿರುವಾಗಲೇ ಸರಳು ಮೇಲಿಂದ ತೋಳಿನ ಮೇಲೆ ಬಿತ್ತು, ಒಳಕ್ಕೆ ಸರಿಯದೆ ಅಲ್ಲೇ ಕೂತಿತು, ಯಂತ್ರ ನಿಲ್ಲಲಿಲ್ಲ ಎಂದಳು ನಾದಿನಿ. ಬದಿಯಿಂದ ಕೈ ಹಾಕಿದ್ದರೆ ಈ ಬಾಸುಂಡೆ ಎಲ್ಲಿಂದ ಬಂತು ಎಂದು ಇನ್ಸ್‌ಪೆಕ್ಟರು ಕೇಳಿದರು. ನೋವಿನಲ್ಲಿ ಎಲ್ಲೋ ತಗುಲಿಸಿಕೊಂಡಿರಬೇಕು, ಮೊದಲಿಂದಲೂ ಸ್ವಲ್ಪ ಗಡಿಬಿಡಿಯ ಹುಡುಗಿ ಎಂದರು ಇಸ್ತ್ರಿ ಸಾಹೇಬರು, ಬೇಕಿದ್ದರೆ ಅವಳ ಅತ್ತಿಗೆಯನ್ನೇ ಕೇಳಿ ಎಂದೂ ಸೇರಿಸಿದರು.

ಇನ್ಸ್‌ಪೆಕ್ಟರು ಕೇಳಿಯೇಬಿಟ್ಟರು. ಗಡಿಬಿಡಿಯ ವಿಷಯವಲ್ಲ, ಬೇರೆಯೇ ಒಂದು.

"ಇವಳು ಕೂಗಿದಾಗ ನೀವು ಮೊದಲು ಏನು ಮಾಡಿದ್ರಿ?"

ಎಂಥ ಸರಳ ಪ್ರಶ್ನೆ. ಎಡಗಡೆಯ ಕಂಬದಲ್ಲಿದ್ದ, ಯಂತ್ರ ನಿಲ್ಲಿಸುವ ಕೆಂಪು ಗುಂಡಿ ಒತ್ತಿದೆ ಎಂದರೆ ಮುಗಿಯುತ್ತಿತ್ತು. ವರದಿಯಲ್ಲೂ ಹಾಗೆಯೇ ಇತ್ತು. ಹನ್ನೊಂದು ದಿನಗಳಿಂದ ಯಾರಾದರೂ ಇದನ್ನು ಕೇಳಿಬಿಡುತ್ತಾರೇನೋ ಎಂದು ಸೀಟಿಯಕ್ಕ ಹೆದರಿದ್ದಳು, ಗಂಡನಿಂದ ಹಿಡಿದು ಡಾಕ್ಟರ ತನಕ ಯಾರೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಎನ್ನುವ ಹಾಗೆ ಅವಳ ಕಣ್ಣು ಆಗಲೇ ಬಲಗಡೆಯ ಕಂಬಕ್ಕೆ ಹೋಗಿ ಬಂದಿತ್ತು. ಇನ್ಸ್‌ಪೆಕ್ಟರು ಅದನ್ನು ನೋಡಿದರು. ನಾದಿನಿಯೂ ನೋಡಿದಳು. ಅವಳ ಮುಖದಲ್ಲಿ ದ್ವೇಷವಿತ್ತು, ಬೇಡಿಕೆಯಿರಲಿಲ್ಲ. ಇವಳು ಸುಳ್ಳೇ ಹೇಳುತ್ತಾಳೆ ಎಂದು ಅವಳು ತೀರ್ಮಾನ ಮಾಡಿಯಾಗಿತ್ತು. ಸೀಟಿಯಕ್ಕನಿಗೆ ಅದನ್ನು ತಾಳಲಾಗಲಿಲ್ಲ. ಒಳ್ಳೆಯತನ ಉಕ್ಕಿ ಬಂತೆಂದು ಯಾರೂ ಭಾವಿಸಬೇಕಿಲ್ಲ. ತನ್ನನ್ನು ಅಷ್ಟು ಸರಿಯಾಗಿ ಅಳೆದಿಟ್ಟ ಆ ಕಣ್ಣಿನ ಮೇಲಿನ ಹಟಕ್ಕೇ ಅವಳು ಬಾಯಿ ತೆರೆದಳು.

"ಗಂಟು ಬಿಚ್ಚಿದೆ," ಎಂದಳು. "ಆಮೇಲೆ ಗುಂಡಿ ಒತ್ತಿದೆ."

ಇಸ್ತ್ರಿ ಸಾಹೇಬರು ಯಾವ ಗಂಟು, ಇವಳಿಗೆ ತಲೆ ಕೆಟ್ಟಿದೆ, ಸಹಿ ಮಾಡಿದ ಹೇಳಿಕೆ ಇದೆಯಲ್ಲ ಎಂದು ಶುರುಮಾಡಿದರು. ಸೀಟಿಯಕ್ಕ ಯಂತ್ರದ ಕೆಳಗಿನ ಡ್ರಾಯರು ಎಳೆದಳು. ಅದರಲ್ಲಿ ಏಳು ಪಟ್ಟಿಗಳಿದ್ದವು, ಒಂದೇ ಅಳತೆಗೆ ಮಡಚಿದವು. ಲಾಂಡ್ರಿಯವರ ಬುದ್ಧಿ ನೋಡಿ, ಕಳ್ಳತನದ ಪಟ್ಟಿಗಳನ್ನೂ ಒಗೆದು ಇಸ್ತ್ರಿ ಮಾಡಿಟ್ಟಿದ್ದರು. ಕಟ್ಟುವುದು ನಾನೇ, ಕಟ್ಟದ ದಿನ ಯಾಕೆ ಕಟ್ಟಿಲ್ಲ ಎಂದು ಕೇಳುತ್ತಿದ್ದವರು ಇವರು ಎಂದು ಅವಳು ಮ್ಯಾನೇಜರ ಕಡೆ ಬೆರಳು ತೋರಿಸಿದಳು. ಸಾಹೇಬರ ಅಂಗಿಯ ಕಂಕುಳಲ್ಲಿ ಬೆವರಿನ ಮಚ್ಚೆ ಮೂಡಿತು. ನಾಳೆಯಿಂದ ಬರಬೇಡ ಎಂದು ಅವರು ಹಲ್ಲು ಕಡಿದು ಹೇಳಿದ್ದು ಎಲ್ಲರಿಗೂ ಕೇಳಿಸಿತು, ಇನ್ಸ್‌ಪೆಕ್ಟರು ಅದನ್ನೂ ಬರೆದುಕೊಂಡರು.

ಬರೆದು ಮುಗಿಸಿ ಆಕೆ ತಲೆಯೆತ್ತಿದರು. ಆ ಗಡಸು ಹೆಂಗಸು ಆಗ ಒಂದು ಬಾಗಿಲನ್ನು ತಾವಾಗಿ ತೆರೆದು ಹಿಡಿದರು.

"ಸರಳು ಬಿದ್ರೆ ಯಂತ್ರ ನಿಲ್ಲುತ್ತೆ ಅಂತ ಬಿಚ್ಚಿದ್ರಾ?"

ಹೌದೆಂದು ತಲೆಯಾಡಿಸಿದರೆ ಸಾಕಿತ್ತು. ನಾಳೆ ಮನೆಯಲ್ಲಿ, ಗಂಡನೆದುರು, ನಿನ್ನ ತಂಗಿಯನ್ನು ಉಳಿಸಲೆಂದೇ ಬಿಚ್ಚಿದೆ ಎನ್ನಬಹುದಿತ್ತು. ಹನ್ನೊಂದು ರಾತ್ರಿಯೂ ಅವಳು ತನಗೆ ತಾನೇ ಹೇಳಿಕೊಂಡ ಕತೆ ಅದೇ.

"ಅಲ್ಲ ಮೇಡಂ. ಗುಂಡಿ ನನ್ನ ಕೈ ಹತ್ರಾನೇ ಇತ್ತು. ಏನೋ ಆಯ್ತು, ಇನ್ನು ಹೊರಗಿನೋರು ಬರ್ತಾರೆ ಅಂತ ಅನ್ನಿಸ್ತು. ಕೈ ಅಲ್ಲಿಗೆ ಹೋಯ್ತು."

ಹದಿನೇಳು ಹೆಂಗಸರಲ್ಲಿ ಯಾರೋ ಒಬ್ಬರು ಬಿಕ್ಕಿದರು. ನಾದಿನಿ ಅಳಲಿಲ್ಲ. ಅವಳು ಬ್ಯಾಂಡೇಜಿನ ಕೈಯನ್ನು ಇನ್ನಷ್ಟು ಒತ್ತಿಕೊಂಡಳು, ಅಷ್ಟೇ.

ಇನ್ಸ್‌ಪೆಕ್ಟರು ಟೇಪು ಹಿಡಿಸಿ ಅಳೆದರು. ಸೀಟಿಯಕ್ಕ ನಿಂತಿದ್ದ ಜಾಗದಿಂದ ಗುಂಡಿಗೆ ಒಂದು ತೋಳಿನ ದೂರ. ಬಲಗಡೆಯ ಕಂಬಕ್ಕೆ ಐದು ಹೆಜ್ಜೆ. ಆಮೇಲೆ ಯಂತ್ರ ನಿಲ್ಲಿಸಿ, ಪಟ್ಟಿ ಕಟ್ಟಿಸಿ, ಆವತ್ತು ಮಾಡಿದ್ದನ್ನು ಮಾಡಿ ತೋರಿಸಿ ಎಂದರು. ಕೈಗಡಿಯಾರ ನೋಡುತ್ತಾ ನಿಂತರು. ಸೀಟಿಯಕ್ಕ ನಡೆದಳು, ಗಂಟು ಬಿಚ್ಚಿದಳು, ಸರಳು ಠಪ್ಪೆಂದು ಬಿತ್ತು, ವಾಪಸ್ಸು ಬಂದಳು, ಗುಂಡಿ ಒತ್ತಿದಳು.

"ಹನ್ನೆರಡು ಸೆಕೆಂಡು," ಎಂದು ಇನ್ಸ್‌ಪೆಕ್ಟರು ಬರೆದುಕೊಳ್ಳಲು ಹೋದರು.

"ಬರ್ಕೊಬೇಡಿ," ಎಂದಳು ನಾದಿನಿ. "ಇಷ್ಟು ಬೇಗ ಆಗ್ಲಿಲ್ಲ. ನಾನು ಒಳಗಿದ್ದೆ, ನಂಗೆ ಗೊತ್ತು."

ನೋವಿನಲ್ಲಿ ಹೊತ್ತು ಉದ್ದ ಅನ್ನಿಸುತ್ತದಮ್ಮಾ ಎಂದು ಇನ್ಸ್‌ಪೆಕ್ಟರು ಮೆತ್ತಗೆ ಹೇಳಿದರು. ನಾದಿನಿ ಅವರನ್ನು ನೋಡಲೇ ಇಲ್ಲ. ಹನ್ನೊಂದು ದಿನಗಳಲ್ಲಿ ಮೊದಲ ಸಲ ಅವಳು ನೇರವಾಗಿ ಅತ್ತಿಗೆಯ ಜೊತೆ ಮಾತಾಡಿದಳು.

"ಅತ್ತಿಗೆ, ಇಷ್ಟೇ ಹೊತ್ತಾ?"

ಸೀಟಿಯಕ್ಕ ಕೈಯಲ್ಲಿದ್ದ ಪಟ್ಟಿಯನ್ನು ನೋಡಿಕೊಂಡಳು. ಅದು ಉದ್ದಕ್ಕೆ ಜೋತುಬಿದ್ದಿತ್ತು. ಆವತ್ತು ಜೋತುಬಿದ್ದಿರಲಿಲ್ಲ. ಇನ್ನೊಂದು ಸಲ ಮಾಡುತ್ತೇನೆ ಎಂದು ಅವಳೇ ಹೋಗಿ ಸರಳನ್ನು ಎತ್ತಿ ಕಟ್ಟಿದಳು, ತನ್ನ ಜಾಗಕ್ಕೆ ಬಂದು ನಿಂತಳು. ಮತ್ತೆ ಐದು ಹೆಜ್ಜೆ ನಡೆದಳು, ಬಿಚ್ಚಿದಳು. ಬಿಚ್ಚಿದ ಪಟ್ಟಿಯನ್ನು ಅರ್ಧಕ್ಕೆ ಮಡಚಿದಳು, ಅಂಚಿಗೆ ಅಂಚು ಕೂಡಿಸಿ ಇನ್ನೊಮ್ಮೆ ಮಡಚಿದಳು, ಮತ್ತೊಮ್ಮೆ ಮಡಚಿ, ಬಗ್ಗಿ, ಡ್ರಾಯರು ಎಳೆದು ಒಳಗಿಟ್ಟು ಮುಚ್ಚಿದಳು. ಆಮೇಲೆ ಬಂದು ಗುಂಡಿ ಒತ್ತಿದಳು.

"ಇಪ್ಪತ್ತಾರು," ಎಂದರು ಇನ್ಸ್‌ಪೆಕ್ಟರು.

ನಾದಿನಿ ತಲೆಯಾಡಿಸಿದಳು.

"ಇದು ಸರಿ," ಎಂದಳು. "ಇದನ್ನ ಬರ್ಕೊಳ್ಳಿ."