ಹೊಸ ಊರಿನ ಪೇಂಟರ್

"ಪೇಂಟರ್ ಅಂತೆ ಪೇಂಟರ್. ಬಾಯಿ ಬಿಟ್ರೆ ಬರೀ ಸುಳ್ಳು. ಈ ಹಳೇ ಕಾರ್ಡಲ್ಲಿ ನಿನ್ ಗಂಡನ ಕೆಲ್ಸ ಏನಂತ ಇದೆ, ಓದ್ಲಾ?"

ಪುರಸಭೆ ಕೌಂಟರಿನ ಗುಮಾಸ್ತ ಕೇಳಿದ್ದು ಬರೀ ಮಾತಿಗೆ. ಅವಳು ಬೇಡ ಅನ್ನುವಷ್ಟರಲ್ಲಿ ಓದಿಯೇಬಿಟ್ಟ. 'ಒಳಚರಂಡಿ ಕೂಲಿ' ಎಂಬ ಎರಡು ಪದಗಳನ್ನು, ರೈಲು ಬರುವುದನ್ನು ಸಾರುವವನ ಗತ್ತಿನಲ್ಲಿ, ಸಾಲಿನ ಕೊನೆಯವನಿಗೂ ಕೇಳುವಂತೆ. ಅವಳ ಬೆನ್ನಿಗೆ ಒತ್ತಿಕೊಂಡು ನಿಂತಿದ್ದ ಹೆಂಗಸು ಎರಡು ಹೆಜ್ಜೆ ಹಿಂದೆ ಸರಿದಳು. ಬೆಳಗಿನಿಂದ ನೂಕಾಡುತ್ತಿದ್ದ ಸಾಲಿನಲ್ಲಿ ಅವಳಿಗೆ ಮೊದಲ ಬಾರಿ ಕೈಕಾಲಾಡಿಸಲು ಜಾಗ ಸಿಕ್ಕಿತು.

ಗುಮಾಸ್ತನ ತಲೆಯ ಮೇಲೆ ಗೋಡೆಗೆ ದೊಡ್ಡ ಫಲಕ ಹೊಡೆದಿದ್ದರು. ಗಂಡ, ಹೆಂಡತಿ, ಮಗು, ಮೂವರೂ ಹಲ್ಲು ಬಿಟ್ಟು ನಗುತ್ತಿದ್ದರು. ಕೆಳಗೆ 'ಕಡಿಮೆ ಖರ್ಚಿನ ನಗರ, ಹೊಸ ಬಾಳಿನ ಆರಂಭ' ಎಂದಿತ್ತು. ಗುಮಾಸ್ತ ಆ ಹೊಸ ಬಾಳಿನ ಅರ್ಜಿಯಲ್ಲಿ 'ಪೇಂಟರ್' ಎಂಬುದನ್ನು ಗೀಚಿ ಹಳೆಯದನ್ನೇ ಬರೆದ. ಇಂಥವರು ಈ ಊರಿಗೂ ಬೇಕೇ ಬೇಕು, ಬೇಜಾರು ಮಾಡಿಕೊಳ್ಳಬೇಡ ಎಂದು ಸಮಾಧಾನ ಬೇರೆ ಹೇಳಿದ. ವಿಳಾಸ ನೋಡಿದಾಗ ಮಾತ್ರ ಅವನ ಹುಬ್ಬು ಮೇಲೇರಿತು. ಈ ನಂಬರಿನಲ್ಲಿ ಇರುವುದು ಒಂದೇ ಮನೆ, ಅದು ನಮ್ಮ ಮೇಷ್ಟ್ರದು, ನೀನು ಅಲ್ಲಿಗೆ ಹೇಗೆ ಬಂದೆ ಎಂದ. ಅವಳು ಬಾಡಿಗೆಗೆ ಎಂದಳು. ಅವನು ಹೂಂ ಎಂದು ಒಂದು ಕ್ಷಣ ಯೋಚಿಸಿ, ಮುದ್ರೆ ಒತ್ತಿ, ಫೋನು ಕೈಗೆತ್ತಿಕೊಂಡ.

ದೊಡ್ಡ ಊರನ್ನು ಬಿಟ್ಟು ಬರೋಣ ಎಂದು ಹಟ ಹಿಡಿದವಳು ಅವಳೇ. ಅಲ್ಲಿ ಅವರಿದ್ದ ಕೋಣೆಯ ಬಾಡಿಗೆ ಏರುತ್ತಲೇ ಇತ್ತು. ಆದರೆ ಅವಳನ್ನು ಹೊರಡಿಸಿದ್ದು ಬಾಡಿಗೆಯಲ್ಲ. ಗಂಡನ ಅಣ್ಣ ಒಂದು ಗುಂಡಿಗೆ ಇಳಿದವನು ಹೆಣವಾಗಿ ಮೇಲೆ ಬಂದಿದ್ದ. ಹದಿನಾರು ದಿನ ಕಳೆಯುವಷ್ಟರಲ್ಲಿ ಅವನನ್ನು ಇಳಿಸಿದ್ದ ಗುತ್ತಿಗೆದಾರನೇ ಬಾಗಿಲಲ್ಲಿ ನಿಂತು, ಗುಂಡಿಗೆ ಇಳಿಯುವ ಅಣ್ಣನ ಜಾಗ ಖಾಲಿ ಇದೆ, ಮೇಲೆ ಚರಂಡಿ ಬಳಿಯುವ ತಮ್ಮನಿಗೇ ಮೊದಲ ಅವಕಾಶ ಎಂದು ಉಪಕಾರ ಮಾಡುವವನ ಮುಖದಲ್ಲಿ ಹೇಳಿದ. ಅವತ್ತೇ ಅವಳು ಪಾತ್ರೆ ಕಟ್ಟಿಟ್ಟಳು. ಹೊರಡುವ ಮೊದಲು ಗಂಡ ಪಕ್ಕದ ಬೀದಿಯ ಬಣ್ಣದವನ ಹಿಂದೆ ಮೂರು ತಿಂಗಳು ಏಣಿ ಹೊತ್ತು, ಗೋಡೆ ಉಜ್ಜಿ, ಬ್ರಷ್ ಹಿಡಿಯಲು ಕಲಿತ. ಆಮೇಲೆ ಯಾರಿಗೂ ಹೇಳದೆ ಬಸ್ಸು ಹತ್ತಿದರು.

ಈ ಊರಿನಲ್ಲಿ ಮೇಷ್ಟ್ರು ತಮ್ಮ ಮನೆಯ ಹಿಂದೆ ತಗಡು ಹೊದಿಸಿ ನಾಲ್ಕು ಪೋರ್ಷನ್ ಮಾಡಿದ್ದರು. ಏನು ಕೆಲಸ ಎಂದು ಕೇಳಿದಾಗ ಗಂಡ ಬಾಯಿ ತೆರೆಯುವ ಮೊದಲೇ ಅವಳು ಪೇಂಟರ್ ಎಂದುಬಿಟ್ಟಳು. ಮೇಷ್ಟ್ರಿಗೆ ಖುಷಿಯಾಯಿತು. ನಿವೃತ್ತಿಯ ಮೇಲೆ ಅವರು ಶಾಲೆಯಿಂದ ಶಾಲೆಗೆ ಹೋಗಿ 'ಯಾವ ಕೆಲಸವೂ ಕೀಳಲ್ಲ' ಎಂದು ಭಾಷಣ ಮಾಡುತ್ತಿದ್ದರು. ಭಾಷಣ ಮುಗಿಸಿ ಬಂದವರ ಕೈಗೆ ನೀರಿನ ಚೊಂಬನ್ನೂ ಹೆಂಡತಿಯೇ ತಂದುಕೊಡಬೇಕಿತ್ತು. ಬಂದ ವಾರದಲ್ಲೇ ಅವಳ ಗಂಡನಿಂದ ತಮ್ಮ ಮುಂದಿನ ಗೇಟಿಗೆ ಪುಕ್ಕಟೆ ಬಣ್ಣ ಹೊಡೆಸಿಕೊಂಡರು. ಆದರೂ ಬನ್ನಿರಿ, ಹೋಗಿರಿ ಎಂದೇ ಮಾತಾಡಿಸಿದರು. ಹುಟ್ಟಿದಾಗಿನಿಂದ ಗಂಡನಿಗೆ ಯಾರೂ ಕೊಡದ ಆ 'ರಿ' ಕೇಳಲಿಕ್ಕೆಂದೇ ಅವಳು ಬಾಗಿಲ ಹಿಂದೆ ನಿಲ್ಲುತ್ತಿದ್ದಳು.

ಈಗ ಒಂದು ವಾರದಿಂದ ಹಿತ್ತಲಿನ ಕಕ್ಕಸು ಗುಂಡಿ ಕಟ್ಟಿಕೊಂಡಿತ್ತು. ಚಪ್ಪಡಿಯ ಸಂದಿನಿಂದ ಕಪ್ಪು ನೀರು ಜಿನುಗುತ್ತಿತ್ತು. ದೊಡ್ಡ ಊರಿನಿಂದ ಬಂದವರು ನೀರು ಜಾಸ್ತಿ ಸುರೀತಾರೆ ಎಂದು ಮೇಷ್ಟ್ರು ದೂರಿದರು. ಗಂಡನಿಗೆ ಮೊದಲ ದಿನವೇ ಎಲ್ಲ ಗೊತ್ತಾಗಿತ್ತು. ಒಂದು ಮನೆಗೆಂದು ತೋಡಿದ ಗುಂಡಿಗೆ ಐದು ಮನೆಯ ಪೈಪು ಬಿಟ್ಟಿದ್ದಾರೆ ಎಂದು ವಾಸನೆಯಲ್ಲೇ ಅಳತೆ ಹೇಳಿದ್ದ.

"ನೀನು ಮೂಗು ಮುಚ್ಕೊಂಡಿರು," ಎಂದಿದ್ದಳು ಅವಳು. "ಪೇಂಟರ್‌ಗೆ ಗುಂಡಿ ವಿಚಾರ ಗೊತ್ತಿರಲ್ಲ."

ಗುಮಾಸ್ತ ಮೇಷ್ಟ್ರ ಹಳೇ ಶಿಷ್ಯ ಎಂಬುದು ಅವಳಿಗೆ ತಿಳಿದದ್ದು ಮಾರನೆಯ ಬೆಳಗ್ಗೆ. ನಲ್ಲಿಯ ಹತ್ತಿರ ದಿನಾ ಅವಳ ಬಿಂದಿಗೆಗೆ ಜಾಗ ಹಿಡಿದಿಡುತ್ತಿದ್ದ ಪಕ್ಕದ ಪೋರ್ಷನ್ನಿನ ಟೈಲರ್ ಹೆಂಡತಿ ತನ್ನ ಬಿಂದಿಗೆಯನ್ನು ದೂರ ಎಳೆದುಕೊಂಡಳು. ಅಷ್ಟರಲ್ಲಿ ಮೇಷ್ಟ್ರೇ ಬಂದರು. ಒಂದು ಕೈಯಲ್ಲಿ ಮೂಗಿಗೆ ಒತ್ತಿದ ಕರ್ಚೀಫು, ಇನ್ನೊಂದರಲ್ಲಿ ಹಗ್ಗ ಮತ್ತು ಬಕೆಟ್ಟು.

"ಬಾರೋ ಇಲ್ಲಿ," ಎಂದು ಹೊಸ್ತಿಲಲ್ಲಿ ಕೂತಿದ್ದ ಅವಳ ಗಂಡನನ್ನು ಕರೆದರು. ಮೂವತ್ತು ವರ್ಷ ವ್ಯಾಕರಣ ಪಾಠ ಮಾಡಿದವರಿಗೆ ಬಹುವಚನವನ್ನು ಏಕವಚನ ಮಾಡುವುದು ಕಷ್ಟವೇನಲ್ಲ. "ಗುಂಡಿ ಪಕ್ಕದಲ್ಲೇ ಬಿದ್ಕೊಂಡು ಏನೂ ಗೊತ್ತಿಲ್ಲದೋನ ಥರ ಇದ್ದೀಯಲ್ಲೋ, ಕಳ್ ನನ್ಮಗನೆ. ಇಳಿ. ನಿನ್ ಮನೇದೂ ಅದ್ರಲ್ಲೇ ಇರೋದು."

ಅವಳು ಅಡ್ಡ ಬಂದಳು. "ಮೇಷ್ಟ್ರೇ, ಅವರು ಆ ಕೆಲ್ಸ ಬಿಟ್ಟಿದಾರೆ."

"ಬಿಡೋಕೆ ಅದೇನು ಬೀಡಿನಾ?"

ಟೈಲರ್ ಕಿಸಕ್ಕನೆ ನಕ್ಕ. ನಕ್ಕಿದ್ದಕ್ಕೆ ತಾನೇ ನಾಚಿಕೊಂಡು, ಮಕ್ಕಳಿರೋ ವಠಾರ, ಇದೊಂದು ಸಲ ಇಳಿದುಬಿಡಣ್ಣ ಎಂದು ಅಂಗಲಾಚಿದ. ನಿನ್ನೆಯವರೆಗೂ ಅವನು ಅಣ್ಣ ಎನ್ನುತ್ತಿದ್ದದ್ದು ಬೇರೆ ಥರ ಕೇಳುತ್ತಿತ್ತು.

ಅವಳು ಟೈಲರನ ಕಡೆ ತಿರುಗಿದಳು. ಪುರಸಭೆ ಆಫೀಸಿಗೆ ಒಂದು ಫೋನ್ ಮಾಡಿದರೆ ಗುಂಡಿ ಹೀರುವ ಲಾರಿ ಬರುತ್ತದೆ, ಮೇಷ್ಟ್ರು ಯಾಕೆ ಮಾಡುತ್ತಿಲ್ಲ ಕೇಳು ಎಂದಳು. ನಿನ್ನೆ ಕೌಂಟರಿನಲ್ಲಿ ಕೇಳಿದ ಮಾತು ಅವಳಿಗೆ ಅರ್ಥವಾದದ್ದೇ ಈಗ.

"ಆಫೀಸಿನ ಲೆಕ್ಕದಲ್ಲಿ ಇಲ್ಲಿರೋದು ಒಂದೇ ಮನೆ. ನೀನೂ ಇಲ್ಲ, ನಿನ್ ಮಕ್ಕಳೂ ಇಲ್ಲ. ಲಾರಿ ಬಂದ್ರೆ ನಾವೆಲ್ಲ ಇರೋದು ಗೊತ್ತಾಗ್ಬಿಡುತ್ತೆ."

ಟೈಲರ್ ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ಕರ್ಚೀಫನ್ನು ಇನ್ನೂ ಗಟ್ಟಿಯಾಗಿ ಒತ್ತಿಕೊಂಡರು.

ಅಷ್ಟು ಹೊತ್ತಿಗೆ ಗಂಡ ಎದ್ದಿದ್ದ. ಬಗ್ಗಿ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿದ. ಆ ಮಡಿಕೆ ಅವಳಿಗೆ ಗೊತ್ತಿತ್ತು, ಮದುವೆಯಾದಾಗಿನಿಂದ ದಿನಾ ನೋಡಿದ್ದಳು. ಬಸ್ಸು ಹತ್ತಿ ಬಂದದ್ದೆಲ್ಲ ಒಂದು ಮಡಿಕೆಯಲ್ಲಿ ಮುಗಿದುಹೋಯಿತು ಎನ್ನಿಸಿತು ಅವಳಿಗೆ. ಬೇಡ ಕಣೋ ಎಂದಳು. ಅವನು ಹಾರೆ ತೂರಿಸಿ ಚಪ್ಪಡಿ ಜರುಗಿಸಿದ, ಗಾಳಿ ಬರುವ ಕಡೆಗೆ ಸರಿದು ನಿಂತ. ಉಳಿದವರು ಉಬ್ಬಳಿಸಿಕೊಂಡು ಓಡಿದರು. ಅವನು ಮಾತ್ರ ಬಗ್ಗಿ ಒಳಗೆ ನೋಡುತ್ತ ನಿಂತ.

"ನಮ್ಮಣ್ಣಂಗೂ ಹೀಗೇ ಅಂದಿದ್ರು. ನಾಕು ಬಕೆಟ್ ಅಷ್ಟೇ, ಇಳಿ ಅಂತ," ಎಂದ. ದನಿ ಏರಿರಲಿಲ್ಲ. "ಮೂರನೇ ಬಕೆಟ್ ಮೇಲೆ ಬರ್ಲಿಲ್ಲ. ಅವತ್ತು ಹಗ್ಗ ಹಿಡಿದಿದ್ದು ನಾನು."

ಜೊತೆಗೆ ಸಂಸಾರ ಮಾಡಿದ ಅವಳಿಗೂ ಅವನು ಈ ಮಾತನ್ನು ಇದುವರೆಗೆ ಹೇಳಿರಲಿಲ್ಲ.

ಅವನು ಚಪ್ಪಡಿಯನ್ನು ಮತ್ತೆ ಎಳೆದು ಮುಚ್ಚಿದ. ಆಮೇಲೆ ಅದರ ಮೇಲೆ, ಜಗುಲಿಯ ಮೇಲೆ ಕೂತಂತೆ, ಚಕ್ಕಳಮಕ್ಕಳ ಹಾಕಿ ಕೂತ.

ಲಾರಿ ಕರೆಸಿ ಎಂದ. ಮೇಷ್ಟ್ರು ಅವನ ಅಪ್ಪ, ಅಜ್ಜ, ಅವರು ಹುಟ್ಟಿದ ಕೇರಿ ಎಲ್ಲವನ್ನೂ ಕ್ರಮವಾಗಿ, ಒಂದು ತಪ್ಪೂ ಇಲ್ಲದ ಶುದ್ಧ ಭಾಷೆಯಲ್ಲಿ ಬೈದರು. ಸಂಜೆಯೊಳಗೆ ಮನೆ ಖಾಲಿ ಮಾಡು ಎಂದರು.

"ಮಾಡ್ತೀನಿ. ಆದ್ರೆ ಲಾರಿ ಬರೋವರ್ಗೂ ಇಲ್ಲಿಂದ ಏಳಲ್ಲ. ನಾನೆದ್ರೆ ನೀವು ಇನ್ನೊಬ್ಬನ್ನ ಇಳಿಸ್ತೀರ."

ಊರಲ್ಲಿ ನೀನೊಬ್ಬನೇ ಏನೋ ಎಂದು ಮೇಷ್ಟ್ರು ನಕ್ಕು, ಯಾರಿಗೋ ಫೋನ್ ಮಾಡುತ್ತ ಒಳಗೆ ಹೋದರು.

ಅವಳು ಒಳಗಿನಿಂದ ಟ್ರಂಕು, ಹಾಸಿಗೆ ಸುರುಳಿ, ಬಣ್ಣದ ಡಬ್ಬಿಗಳನ್ನು ಒಂದೊಂದಾಗಿ ಹೊರಗೆ ತಂದಿಟ್ಟಳು. ಮುಂದೆ ಎಲ್ಲಿಗೆ ಎಂದು ಅವಳಿಗೆ ಗೊತ್ತಿರಲಿಲ್ಲ. ಇದಕ್ಕಿಂತ ಅಗ್ಗದ ಊರು ಇದೆಯೋ ಇಲ್ಲವೋ, ಇದ್ದರೂ ಅಲ್ಲಿ ಗುಂಡಿ ಇಲ್ಲದಿರುತ್ತದೆಯೇ. ಆದರೂ ಅವನು ಕೂತ ರೀತಿ ನೋಡಿ, ಬಹಳ ದಿನಗಳ ಮೇಲೆ ಅವಳಿಗೆ ಜೋರಾಗಿ ಹಸಿವಾಯಿತು. ಡಬ್ಬಿಯಲ್ಲಿದ್ದ ಅನ್ನವನ್ನು ಎರಡು ತಟ್ಟೆಗೆ ಹಾಕಿ ಒಂದನ್ನು ಅವನ ಕೈಗೆ ಕೊಟ್ಟಳು. ಚಪ್ಪಡಿಯ ಮೇಲೆ ಕೂತೇ ಅವನು ಉಂಡ. ಇಂಥ ಜಾಗದಲ್ಲಿ ಉಣ್ಣುತ್ತಾನಲ್ಲ ಎಂದು ಟೈಲರ್ ಹೆಂಡತಿ ಕಿಟಕಿ ಹಾಕಿಕೊಂಡಳು.

ಬಿಸಿಲು ನೆತ್ತಿಗೆ ಬಂದಾಗ ಸೈಕಲ್ ತಳ್ಳಿಕೊಂಡು ಒಬ್ಬ ಹಿತ್ತಲಿಗೆ ಬಂದ. ಎಳೆಯ ಪ್ರಾಯ, ಹೊಸದಾಗಿ ಕೊಂಡ ಚಪ್ಪಲಿ. ಹಿಂದೆ ತುಂಬಿದ ಬಸುರಿ ಹೆಂಡತಿ, ಅವಳ ತಲೆಯ ಮೇಲೆ ಇನ್ನೂ ಬಿಚ್ಚದ ಗಂಟು. ಹೋದ ವಾರ ಬಂದೆವು, ಮನೆ ಇನ್ನೂ ಸಿಕ್ಕಿಲ್ಲ, ಇಲ್ಲಿ ಖರ್ಚು ಕಡಿಮೆ ಅಂದರು ಎಂದು ಅವನು ಯಾರೂ ಕೇಳದಿದ್ದರೂ ಹೇಳಿದ. ಚಪ್ಪಲಿ ಬಿಟ್ಟು ಗೋಡೆಯ ಪಕ್ಕ ಜೋಡಿಸಿಟ್ಟ. ಬಗ್ಗಿ ಪ್ಯಾಂಟು ಮಡಚತೊಡಗಿದ.

"ಇದೇನಾಣ್ಣ ಗುಂಡಿ?"

ಮೇಷ್ಟ್ರು ಬಾಗಿಲಲ್ಲಿ ಬಂದು ನಿಂತು ಎಬ್ಬಿಸು ಅವನನ್ನು, ಎಬ್ಬಿಸು ಎಂದು ಕೂಗುತ್ತಿದ್ದರು. ಹುಡುಗಿ ಬಸುರಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಒಮ್ಮೆ ಮೇಷ್ಟ್ರನ್ನೂ ಒಮ್ಮೆ ಚಪ್ಪಡಿಯನ್ನೂ ನೋಡಿದಳು. ಅವಳು ಹೋಗಿ ಆ ಹುಡುಗಿಯ ತಲೆಯ ಮೇಲಿನ ಗಂಟನ್ನು ಇಳಿಸಿಕೊಂಡು ತನ್ನ ಟ್ರಂಕಿನ ಪಕ್ಕ ಇಟ್ಟಳು.

ಪೇಂಟರ್ ತಟ್ಟೆಯನ್ನು ಕೆಳಗಿಟ್ಟು, ಅಂಗೈಯಲ್ಲಿ ಚಪ್ಪಡಿಯ ಧೂಳು ಒರೆಸಿ, ಒಬ್ಬರು ಕೂರುವಷ್ಟು ಜಾಗ ಬಿಟ್ಟು ಪಕ್ಕಕ್ಕೆ ಸರಿದ.

"ಪ್ಯಾಂಟ್ ಮಡಿಕೆ ಇಳಿಸ್ಕೊಂಡು ಬಾ, ತಮ್ಮ," ಎಂದ. "ಕೂತ್ಕೋ."