ನಿಲ್ಲದ ಪೆಡಲ್

ಚೈತ್ರ ಆ ಸೈಕಲ್ ಕೊಂಡದ್ದು ಬಣ್ಣ ನೋಡಿ. ಗಿಣಿ ಹಸಿರು. ಮೊಬೈಲಿನಲ್ಲಿ ಫೋಟೊ ಕಂಡು, ಯಾರೋ ಕಾಲೇಜು ಹುಡುಗನಿಂದ ಸೆಕೆಂಡ್ ಹ್ಯಾಂಡ್ ತರಿಸಿಕೊಂಡು, ಹತ್ತಿದ ದಿನವೇ ಬಿದ್ದಳು. ಮತ್ತೆ ಅದನ್ನು ಮುಟ್ಟಲಿಲ್ಲ. ಮೆಟ್ಟಿಲ ಕೆಳಗೆ, ನನ್ನ ಬಾಗಿಲಿಗೆ ಎದುರಾಗಿ ಅದು ಧೂಳು ತಿನ್ನುತ್ತಾ ನಿಂತಿತು. ಕಾಮಾಕ್ಷಿಪಾಳ್ಯದ ಈ ಕಟ್ಟಡ ಅವಳ ಮಾವ ನಂಜುಂಡಪ್ಪನವರದು. ಒಂದು ಕಾಲದಲ್ಲಿ ಅವರು ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಎದ್ದದ್ದು. ಮೇಲೆ ಅವರ ಮನೆ, ಕೆಳಗೆ ಬಾಡಿಗೆಯವರು. ಬಾಡಿಗೆಯವರಲ್ಲಿ ನಾನೊಬ್ಬಳು, ನೀಲಾಂಬಿಕಾ, ಸವಣೂರು ಕಡೆಯವಳು, ಬ್ಲೌಸ್ ಹೊಲಿಯುತ್ತೇನೆ.

ಗಂಡ ತೀರಿಕೊಂಡಾಗ ಊರಿಗೆ ಹೋಗಿಬಿಡು ಎಂದು ಎಲ್ಲರೂ ಹೇಳಿದರು. ಅಲ್ಲಿ ನನ್ನ ದಾರಿ ಕಾಯುವವರು ಯಾರು ಎಂದು ಮಾತ್ರ ಯಾರೂ ಹೇಳಲಿಲ್ಲ. ಮಕ್ಕಳಿಲ್ಲ. ಇಲ್ಲೇ ಉಳಿದೆ. ಈ ಬೀದಿಯ ಹೆಂಗಸರೆಲ್ಲರ ಮೈಯಳತೆ ನನಗೆ ಬಾಯಿಪಾಠ, ಆದರೆ ಯಾರ ಮನೆಯ ಹೊಸ್ತಿಲೂ ದಾಟಿದವಳಲ್ಲ. ಬರುತ್ತಾರೆ, ತೋಳೆತ್ತಿ ನಿಲ್ಲುತ್ತಾರೆ, ಅತ್ತೆಯನ್ನು ಬೈಯುತ್ತಾರೆ, ‘ಶುಕ್ರವಾರ ಕೊಡ್ತೀರಾ ತಾನೆ?’ ಎಂದು ಹೊರಡುತ್ತಾರೆ. ಆಮೇಲೆ ಮಾರ್ಕೆಟ್ಟಿನಲ್ಲಿ ಎದುರು ಸಿಕ್ಕರೆ ಗುರುತೇ ಇಲ್ಲ. ನನಗೆ ಸಿಟ್ಟು ಬರುತ್ತದೆ. ಸಿಟ್ಟು ಮಾಡಿಕೊಳ್ಳುವುದಕ್ಕೂ ಒಬ್ಬರು ಬೇಕಲ್ಲ, ಅವರೂ ಇಲ್ಲ.

ಒಂದು ದಿನ ಚೈತ್ರಳನ್ನು ಕೇಳಿಯೇಬಿಟ್ಟೆ. ‘ಈ ಸೈಕಲ್ ಒಮ್ಮೆ ಹೊಡೀಲೇನ್ರಿ?’

‘ಹೊಡೀರಿ ಆಂಟಿ. ಆದ್ರೆ ಕೆಟ್ಟೋಗಿದೆ ಅನ್ಸುತ್ತೆ. ಪೆಡಲ್ ನಿಲ್ಲೋದೇ ಇಲ್ಲ. ಕಾಲು ನಿಲ್ಸಿದ್ರೆ ಎತ್ತಿ ಎಸೆಯುತ್ತೆ.’

ನನಗೇನು ಸೈಕಲ್ ಹೊಸದೇ? ಊರಲ್ಲಿ ಹೊಲಿಗೆ ಕ್ಲಾಸಿಗೆ ಸೋದರಮಾವನ ದೊಡ್ಡ ಸೈಕಲ್ಲಿನಲ್ಲಿ ಹೋಗಿಬಂದವಳು. ಊರವರಿಗೆಲ್ಲ ಹೊಲಿದುಕೊಟ್ಟವಳು ಮೊದಲ ಸಲ ನನಗಾಗಿ ಒಂದು ಚೂಡಿದಾರ ಹೊಲಿದುಕೊಂಡೆ, ಚೈನಿಗೆ ಸಿಗದ ಹಾಗೆ ಕಾಲಿನ ಹತ್ತಿರ ಬಿಗಿಯಾಗಿ. ಭಾನುವಾರ ಬೆಳಿಗ್ಗೆ ವರ್ಕ್‌ಶಾಪುಗಳ ಷಟರ್ ಎಲ್ಲ ಮುಚ್ಚಿರುತ್ತವೆ, ಹಿಂದಿನ ರಸ್ತೆ ಖಾಲಿ. ಜಂಬದಿಂದ ಹತ್ತಿದೆ, ಜೋರಾಗಿ ತುಳಿದೆ, ಇನ್ನು ತಾನೇ ಹೋಗಲಿ ಎಂದು ಕಾಲು ನಿಲ್ಲಿಸಿದೆ. ಪೆಡಲ್ ನಿಲ್ಲಲಿಲ್ಲ. ನನ್ನನ್ನೇ ಸೀಟಿನಿಂದ ಎಬ್ಬಿಸಿ, ಯಾರೋ ಮನೆ ಕಟ್ಟಲು ಸುರಿದಿದ್ದ ಎಂ-ಸ್ಯಾಂಡ್ ಮರಳಿನ ರಾಶಿಯ ಮೇಲೆ ಕೂರಿಸಿತು. ಸೈಕಲ್ಲಿಗೆ ಬಾಯಿಗೆ ಬಂದಂತೆ ಬೈದೆ. ಬಹಳ ದಿನಗಳ ಮೇಲೆ ಯಾರನ್ನಾದರೂ ಬೈದದ್ದು, ಹಗುರವಾಯಿತು.

ಆಮೇಲೆ ಅದನ್ನು ತಲೆಕೆಳಗು ಮಾಡಿ ನಿಲ್ಲಿಸಿ ಕೈಯಿಂದ ಚಕ್ರ ತಿರುಗಿಸಿದೆ. ಪೆಡಲ್ಲೂ ತಿರುಗಿತು. ಹಿಂದಕ್ಕೆ ತಿರುಗಿಸಿದೆ, ಪೆಡಲ್ಲೂ ಹಿಂದಕ್ಕೆ. ಚಕ್ರ ಬಿಟ್ಟು ಪೆಡಲ್ ಇಲ್ಲ, ಪೆಡಲ್ ಬಿಟ್ಟು ಚಕ್ರ ಇಲ್ಲ. ಕೆಟ್ಟದ್ದಲ್ಲ ಇದು, ಮಾಡಿರುವುದೇ ಹೀಗೆ. ನನಗೆ ನಗು ಬಂತು. ಇದು ನನ್ನ ಹೊಲಿಗೆಯ ಕಾಲು ಮೆಷಿನ್ನೇ ಅಲ್ಲವೇ? ಅದರಲ್ಲೂ ಹಾಗೆಯೇ; ಒಮ್ಮೆ ಚಕ್ರ ಓಟಕ್ಕೆ ಬಿತ್ತೆಂದರೆ ಅದೇ ಕಾಲನ್ನು ಎತ್ತುತ್ತದೆ, ಇಳಿಸುತ್ತದೆ. ಹಟ ಮಾಡಿ ತಟ್ಟನೆ ಕಾಲು ನಿಲ್ಲಿಸಿದರೆ ಚಕ್ರ ಉಲ್ಟಾ ಹೊಡೆದು ದಾರ ಕಡಿಯುತ್ತದೆ. ನಿಲ್ಲಿಸಬೇಕೆಂದರೆ ಅದರ ಜೊತೆಗೇ ಹೋಗುತ್ತಾ ನಿಧಾನ ಮಾಡಬೇಕು.

ಮತ್ತೆ ಹತ್ತಿದೆ. ಇಳಿಜಾರಿನಲ್ಲೂ ತುಳಿದೆ. ನಿಲ್ಲಬೇಕಾದಾಗ ಮೇಲೆ ಬರುತ್ತಿರುವ ಪೆಡಲ್ಲನ್ನು ಹಿಮ್ಮಡಿಯಿಂದ ಮೆಲ್ಲಗೆ ಒತ್ತಿ ಹಿಡಿದೆ. ಅದು ನನ್ನ ಕಾಲನ್ನು ತಳ್ಳಿತು, ನಾನು ಅದನ್ನು ತಳ್ಳಿದೆ, ಇಬ್ಬರೂ ಒಪ್ಪಿ ನಿಂತೆವು. ಮುಂದಿನ ಚಕ್ರಕ್ಕೆ ಬ್ರೇಕ್ ಇತ್ತು. ಕೆಲವು ವಾರಗಳಲ್ಲಿ ಅದರ ನೆನಪೇ ಬಾರದಷ್ಟು ಕಾಲಿಗೆ ಅಭ್ಯಾಸವಾಯಿತು. ಮನೆಯಲ್ಲಿ ನಾನು ಏನು ಮಾಡಿದರೂ ಎದುರಿನಿಂದ ಒಂದು ಉತ್ತರ ಬರುವುದಿಲ್ಲ. ಈ ಸೈಕಲ್ ಉತ್ತರ ಕೊಡುತ್ತಿತ್ತು. ಸುಮ್ಮನೆ ಹೇಳುತ್ತಿಲ್ಲ, ನನಗೆ ಹಾಗೇ ಅನಿಸುತ್ತಿತ್ತು.

ಚೈತ್ರ ಬಾಲ್ಕನಿಯಿಂದ ನೋಡುತ್ತಿದ್ದವಳು ಒಂದು ಭಾನುವಾರ ಕೆಳಗಿಳಿದು ಬಂದಳು. ‘ನಂಗೂ ಹೇಳ್ಕೊಡಿ ಆಂಟಿ. ನಿಮ್ಗೆ ಬರುತ್ತೆ, ನಂಗ್ಯಾಕೆ ಬರಲ್ಲ?’

ಸೈಕಲ್ ಹತ್ತಿಸಲಿಲ್ಲ. ಒಳಗೆ ಕರೆದು ಮೆಷಿನ್ ಮುಂದೆ ಕೂರಿಸಿದೆ. ಹೊಲಿಗೆ ಕಲಿಯುವವರಿಗೆ ಮೊದಲು ದಾರವಿಲ್ಲದೆ ಬರೀ ಕಾಲು ಆಡಿಸಲು ಹೇಳುತ್ತಾರೆ, ಹಾಗೆ. ‘ನೀವು ಓಡಿಸಬ್ಯಾಡ್ರಿ. ಅದು ಓಡ್ತೈತಿ, ನೀವು ಜೋಡಿ ಹೋಗ್ರಿ’ ಎಂದೆ. ಅವಳು ಕಾಲು ಆಡಿಸುತ್ತಾ ನನ್ನ ಊರು ಕೇಳಿದಳು. ಗಂಡನ ಹೆಸರು ಕೇಳಿದಳು. ಅಮೀನಪ್ಪ ಎಂದೆ. ಆ ಹೆಸರನ್ನು ಬಾಯಿಬಿಟ್ಟು ಹೇಳಿ ಎಷ್ಟು ಕಾಲವಾಗಿತ್ತೋ.

ಆಮೇಲಿನ ಭಾನುವಾರಗಳು ನಮ್ಮವಾದವು. ಅವಳು ತುಳಿಯುವುದು, ನಾನು ಸೀಟು ಹಿಡಿದು ಹಿಂದೆ ಓಡುವುದು. ಅವಳಿಗೆ ಕಾಲು ನಿಲ್ಲಿಸುವ ಚಾಳಿ ಬಿಡಲೊಲ್ಲದು, ಬೀಳುವಳು, ನನ್ನ ಮೇಲೇ ಬೀಳುವಳು, ಇಬ್ಬರೂ ನಗುವೆವು. ಕೊನೆಗೆ ಮಾಗಡಿ ರೋಡಿನ ದರ್ಶಿನಿಯಲ್ಲಿ ಇಡ್ಲಿ, ಒಂದು ಕಾಫಿಯಲ್ಲಿ ಬೈ-ಟೂ. ‘ನಾನು ಪೂರ್ತಿ ಕಲಿತ್ಮೇಲೆ ಕೆಂಗೇರಿವರೆಗೂ ಹೋಗೋಣ ಆಂಟಿ. ನಮ್ಮನೆಯವ್ರ ಸೈಕಲ್ ನಿಮಗೆ ಕೊಡಿಸ್ತೀನಿ’ ಎಂದಿದ್ದಳು. ನಾನು ಆ ಮಾತನ್ನೇ ಮನಸ್ಸಿನಲ್ಲಿ ಕಟ್ಟಿಕೊಂಡು ವಾರವಿಡೀ ಹೊಲಿಯುತ್ತಿದ್ದೆ. ನನಗೆ ಆ ಬೆಳಗು ಬೇಕಿತ್ತು. ಉಳಿದ ದಿನಗಳನ್ನು ಯಾರು ಬೇಕಾದರೂ ತೆಗೆದುಕೊಳ್ಳಲಿ, ಆ ಒಂದು ಬೆಳಗು ಕೈತಪ್ಪದಿದ್ದರೆ ಸಾಕು.

ಹೀಗಿರಲು ಒಂದು ಭಾನುವಾರ ಚೈತ್ರಳ ಜೊತೆ ಗಂಡ ಮೋಹನ್ ಕುಮಾರನೂ ಇಳಿದು ಬಂದ. ಕೈಯಲ್ಲಿ ಹಸಿರು ಸೈಕಲ್.

‘ನೀಲಕ್ಕ, ರಿಪೇರಿ ಮಾಡಿಸ್ಬಿಟ್ಟೆ’ ಎಂದ. ‘ನಮ್ಮ ಅಂಜಿನಯ್ಯನ ಸೈಕಲ್ ಅಂಗಡಿಗೆ ತಗೊಂಡ್ಹೋಗಿದ್ದೆ. ಫ್ರೀವೀಲೇ ಇರ್ಲಿಲ್ವಂತೆ ಅದಕ್ಕೆ. ಹೊಸದು ಹಾಕ್ಸಿದೀನಿ, ಇನ್ಮೇಲೆ ಕಾಲು ನಿಲ್ಸಿದ್ರೂ ಚಕ್ರ ತಾನೇ ತಿರುಗುತ್ತೆ. ಪಾಪ, ಇಬ್ರೂ ಎಷ್ಟು ಕಷ್ಟಪಟ್ರಿ!’

‘ಅದು ಕೆಟ್ಟಿದ್ದಿಲ್ರಿ. ಅದು ಇರೂದ ಹಂಗ.’

‘ಹಂಗ್ಯಾರಾದ್ರೂ ಮಾಡ್ತಾರಾ ಅಕ್ಕ?’ ಎಂದು ನಕ್ಕ. ಒಳ್ಳೆಯ ಹುಡುಗ. ಕೆಟ್ಟವನಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ಚೈತ್ರ ಹತ್ತಿದಳು. ನಾನು ಸೀಟಿಗೆ ಕೈ ಹಾಕುವಷ್ಟರಲ್ಲಿ ‘ಬೇಡ ಆಂಟಿ’ ಎಂದು ಹೊರಟೇಹೋದಳು. ರಸ್ತೆಯ ತುದಿಯವರೆಗೆ ಹೋಗಿ ತಿರುಗಿ ಬಂದಳು. ‘ನೋಡಿ ಆಂಟಿ, ಕಾಲೇ ಆಡಿಸ್ತಿಲ್ಲ!’ ಹಿಂದಿನ ಚಕ್ರ ಟಿಕಟಿಕ ಅನ್ನುತ್ತಿತ್ತು, ಎಲ್ಲ ಸೈಕಲ್ಲುಗಳ ಹಾಗೆ. ಹಳೆಯದನ್ನೇ ತಿರುಗಿ ಹಾಕಿಸ್ರಿ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಏಕೆ ಎಂದು ಕೇಳಿದರೆ ಏನು ಹೇಳಲಿ? ನೀನು ಬೀಳುತ್ತಲೇ ಇರು, ನಾನು ಹಿಡಿಯುತ್ತಲೇ ಇರುತ್ತೇನೆ ಎನ್ನಲೇ?

ಮೋಹನ್ ತನ್ನ ಸೈಕಲ್ಲನ್ನೂ ಹೊರಗೆ ತಂದ. ‘ಕೆಂಗೇರಿವರೆಗೆ ಹೋಗ್ಬರ್ತೀವಿ ಆಂಟಿ’ ಎಂದಳು ಚೈತ್ರ. ನನಗೆ ಕೊಟ್ಟ ಮಾತು ಅವಳಿಗೆ ಮರೆತೇಹೋಗಿತ್ತು. ಮರೆತವರಿಗೆ ನೆನಪಿಸುವುದು ಬೇಡಿದಂತೆ. ಅವಳೇ ಮುಂದುವರಿಸಿದಳು, ‘ಅದಕ್ಮುಂಚೆ ನೀವೂ ಒಂದ್ ರೌಂಡ್ ಹೊಡೀರಿ. ಎಷ್ಟು ಸಲೀಸು ನೋಡಿ.’

ಹತ್ತಿದೆ. ಇಳಿಜಾರಿನಲ್ಲಿ ಸೈಕಲ್ ತಾನಾಗಿ ಓಡಿತು. ತಿರುವಿನಲ್ಲಿ ಗ್ಯಾಸ್ ಸಿಲಿಂಡರಿನ ಆಟೊ ಅಡ್ಡ ಬಂತು. ನಾನು ಎಂದಿನಂತೆ ಕಾಲನ್ನು ಹಿಂದಕ್ಕೆ ಒತ್ತಿದೆ. ಎದುರು ತಳ್ಳುವುದು ಏನೂ ಇರಲಿಲ್ಲ. ಪೆಡಲ್ ಗರಗರ ಹಿಂದಕ್ಕೆ ತಿರುಗಿತು, ಸೈಕಲ್ ಮುಂದಕ್ಕೆ ಹೋಯಿತು. ಬ್ರೇಕು ಕೈಗೆ ನೆನಪಾಗಲಿಲ್ಲ. ಆಟೊ ತಪ್ಪಿಸಲು ಹೋಗಿ ಷಟರಿಗೆ ಹೊಡೆದು ಬಿದ್ದೆ.

ಚೈತ್ರ ಓಡಿ ಬಂದಳು. ‘ಅಯ್ಯೋ, ಬ್ರೇಕ್ ಹಿಡೀಬೇಕಲ್ವಾ ಆಂಟಿ?’ ಚೂಡಿದಾರ ಹರಿದು ಮೊಣಕಾಲು ತರಚಿತ್ತು. ಅವಳು ನನ್ನನ್ನು ಮನೆಗೆ ನಡೆಸಿಕೊಂಡು ಬಂದಳು, ನೀರು ತಂದು ಗಾಯ ತೊಳೆದಳು, ಊದಿದಳು. ಉರಿಯುತ್ತಿತ್ತು, ಆದರೂ ಬೇಗ ಮುಗಿಯದಿರಲಿ ಎಂದುಕೊಂಡೆ. ಮೋಹನ್ ಹೊರಗೆ ಎರಡೂ ಸೈಕಲ್ ಹಿಡಿದುಕೊಂಡು ನಿಂತಿದ್ದ. ಅವಳು ಅವನನ್ನು ನೋಡಿದಳು, ನನ್ನನ್ನು ನೋಡಿದಳು.

‘ನಾನು ಹೋಗಲ್ಲ ಬಿಡಿ. ನಿಮ್ ಜೊತೆ ಇರ್ಲಾ ಆಂಟಿ?’

‘ಏ, ಏನೂ ಆಗಿಲ್ಲ, ಹೋಗಿ ಬರ್ರಿ’ ಎಂದೆ.

ನಮ್ಮ ಕಡೆ ಕೇಳಿದ ಕೂಡಲೇ ಯಾರೂ ಹೂಂ ಎನ್ನುವುದಿಲ್ಲ. ಊಟಕ್ಕೆ ಕರೆದರೂ ಮೊದಲು ಬೇಡ ಎನ್ನುತ್ತೇವೆ, ಹಸಿದು ಕಂಗಾಲಾಗಿದ್ದರೂ. ಕರೆದವರು ಇನ್ನೊಮ್ಮೆ ಕರೆಯುತ್ತಾರೆ, ಆಗ ಏಳುತ್ತೇವೆ. ನಾನು ಆ ಇನ್ನೊಂದು ಮಾತಿಗಾಗಿ ಅವಳ ಮುಖವನ್ನೇ ನೋಡುತ್ತಾ ಕುಳಿತಿದ್ದೆ.

‘ಸರಿ ಆಂಟಿ, ಹುಷಾರು’ ಎಂದು ಚೈತ್ರ ಎದ್ದಳು.