ಸರದಿಯ ಕಾಫಿ

ನಾನು ಅರ್ಧ ಲೀಟರು ಹಿಡಿಯುವ ಒಂದು ಸ್ಟೀಲ್ ಫ್ಲಾಸ್ಕು. ನನಗೆ ಎರಡು ಮೈ, ಒಳಗೊಂದು, ಹೊರಗೊಂದು. ಎರಡರ ನಡುವೆ ಏನೂ ಇಲ್ಲ, ಗಾಳಿಯೂ ಇಲ್ಲ. ಕಾರ್ಖಾನೆಯಲ್ಲಿ ಆ ಗಾಳಿಯನ್ನು ಹೀರಿ ತೆಗೆದು, ತಳದಲ್ಲಿ ಸಾಸಿವೆಯಷ್ಟು ಬೆಸುಗೆ ಇಟ್ಟು ಮುಚ್ಚಿದರಲ್ಲ, ಆ ಗಳಿಗೆಯೇ ನನ್ನ ಹುಟ್ಟು. ಅದಕ್ಕೂ ಮೊದಲು ನಾನು ಬರೀ ತಗಡು. ಆ ಖಾಲಿ ಜಾಗ ಇರುವುದರಿಂದಲೇ ಒಳಗೆ ಕಾಫಿ ಹಬೆಯಾಡುತ್ತಿದ್ದರೂ ನನ್ನನ್ನು ಹಿಡಿದವರ ಕೈ ಸುಡುವುದಿಲ್ಲ.

ಹುಟ್ಟಿದ ಮೇಲೆ ಒಂಬತ್ತು ವರ್ಷ ನಾನು ಕಾಫಿಯನ್ನೇ ಕಾಣಲಿಲ್ಲ. ಮೈಸೂರಿನ ಒಂದು ಪಾತ್ರೆ ಅಂಗಡಿಯಲ್ಲಿ ನನ್ನನ್ನು ಕೊಂಡವರು ಡಬ್ಬದ ಸಮೇತ ಬಣ್ಣದ ಕಾಗದ ಸುತ್ತಿ ಒಂದು ಗೃಹಪ್ರವೇಶಕ್ಕೆ ಕೊಟ್ಟರು. ಆ ಮನೆಯವರು ಕಾಗದ ಬಿಚ್ಚಿ, ಡಬ್ಬ ನೋಡಿ, "ಫ್ಲಾಸ್ಕು, ಇರ್ಲಿ, ಯಾರಿಗಾದ್ರೂ ಆಗುತ್ತೆ" ಎಂದು ಅಟ್ಟದ ಮೇಲೆ ಇಟ್ಟರು. ಅಲ್ಲಿಂದ ಒಂದು ಮದುವೆ, ಒಂದು ನಾಮಕರಣ, ಮತ್ತೊಂದು ಮದುವೆ. ಪ್ರತಿ ಸಲವೂ ಹಳೆಯ ಹೆಸರಿನ ಚೀಟಿಯ ಮೇಲೆ ಹೊಸ ಹೆಸರಿನ ಚೀಟಿ. ನನ್ನನ್ನು ಹೊರಗೆ ತೆಗೆದು ನೋಡಿದವರಿಲ್ಲ. ಡಬ್ಬದ ಕತ್ತಲಲ್ಲಿ ಕೂತು ನಾನು ನಾಲ್ಕು ಊಟದ ಸದ್ದು ಕೇಳಿದೆ.

ಕೊನೆಗೆ ಶಶಿರೇಖಾ ಎಂಬುವಳು ಬಾಡಿಗೆ ಮನೆ ಬದಲಾಯಿಸಿ ಹಾಲು ಉಕ್ಕಿಸಿದ ದಿನ ಅವಳ ನಾದಿನಿ ನನ್ನನ್ನು ತಂದುಕೊಟ್ಟಳು. ಶಶಿರೇಖಾ ಕೂಡ ಮುಂದಿನ ಯಾವುದೋ ಮದುವೆಗೆ ಆಗುತ್ತೆಂದು ಹಳೆಯ ಚೀಟಿ ಕಿತ್ತಳು. ಅದರ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು. ಐದನೆಯದನ್ನು ಕಿತ್ತಾಗ ಅವಳ ಕೈ ನಿಂತಿತು. ಅದು ಅವಳದೇ ಅಕ್ಷರ. ಒಂಬತ್ತು ವರ್ಷದ ಹಿಂದೆ ಮೊದಲ ಸಂಬಳದಲ್ಲಿ ನನ್ನನ್ನು ಕೊಂಡವಳು ಅವಳೇ.

"ಊರೆಲ್ಲಾ ಸುತ್ತಿ ನಮ್ಮನೆಗೇ ಬಂದ್ಯಾ" ಎಂದು ನಕ್ಕಳು. "ಇನ್ನು ನಿನ್ನ ಯಾರಿಗೂ ಕೊಡಲ್ಲ, ಬಿಡು."

ಹೀಗೆ ನನ್ನ ನಿಜವಾದ ಬಾಳು ಶುರುವಾಯಿತು.

ಶಶಿರೇಖಾ ಕೆಲಸ ಮಾಡುತ್ತಿದ್ದುದು ಹಲ್ಲಿನ ಸೆಟ್ಟು ತಯಾರಿಸುವ ಒಂದು ಲ್ಯಾಬಿನಲ್ಲಿ. ಡಾಕ್ಟರುಗಳು ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ. ಇವರು ಪ್ಲಾಸ್ಟರಿನಲ್ಲಿ ಅಚ್ಚು ಎರೆದು, ಗುಲಾಬಿ ಮೇಣದ ಮೇಲೆ ಒಂದೊಂದೇ ಹಲ್ಲು ಕೂರಿಸಿ, ಯಾರೋ ಕಾಣದವರ ನಗುವನ್ನು ತಯಾರಿಸಿ ಕಳಿಸುತ್ತಾರೆ. ಅಲ್ಲಿ ನಾಲ್ಕು ಜನ. ಚಲುವರಾಜು ಎಲ್ಲರಿಗಿಂತ ಹಿರಿಯರು, ಕೆಲಸ ಹಂಚುವವರು. ಜಬೀನಾ ಸೆಟ್ಟುಗಳಿಗೆ ಪಾಲಿಶ್ ಮಾಡುವವಳು. ಮಾದೇಶನಿಗೆ ಹಾಸ್ಯವೇ ಅರ್ಧ ಕೆಲಸ. ನಾಲ್ಕನೆಯವಳು ನನ್ನ ಶಶಿರೇಖಾ. ಹಲ್ಲು ಕೂರಿಸುವುದರಲ್ಲಿ ಅವಳ ಕೈ ಒಳ್ಳೆಯದು ಎಂಬ ಮಾತು ಡಾಕ್ಟರುಗಳ ತನಕ ಹೋಗಿತ್ತು.

ಹನ್ನೊಂದು ಗಂಟೆಗೆ ನಾಲ್ವರೂ ಮೂಲೆಯ ಹೋಟೆಲಿಗೆ ಹೋಗಿ ನಿಂತುಕೊಂಡು ಕಾಫಿ ಕುಡಿಯುವುದು ಲ್ಯಾಬಿನ ಪದ್ಧತಿ. ದಿನಕ್ಕೊಬ್ಬರ ಸರದಿ. ಸರದಿಯವರು ಎಲ್ಲರದ್ದೂ ಕೊಡಬೇಕು. ಇದನ್ನು ಶುರುಮಾಡಿದವರು ಚಲುವರಾಜು. "ನಿಂದು ನಿಂಗೆ, ನಂದು ನಂಗೆ ಅಂದ್ಬುಟ್ರೆ ಅದೇನ್ ಜೊತೇಲಿ ಕುಡ್ದಂಗಾಯ್ತು?" ಎನ್ನುವುದು ಅವರ ಮಾತು. ಒಳ್ಳೆಯ ಮಾತೇ. ಆದರೆ ಅವರು ತಮ್ಮ ಸರದಿಯಲ್ಲೂ ಎಲ್ಲರಿಗೂ ವಡೆ ಹೇಳುತ್ತಿದ್ದರು, ಬೇರೆಯವರ ಸರದಿಯಲ್ಲೂ ಎಲ್ಲರಿಗೂ ವಡೆ ಹೇಳುತ್ತಿದ್ದರು. ಬೇಡ ಎನ್ನುವುದು ಅವರ ಮುಖಕ್ಕೆ ಹೊಡೆದಂತೆ. ಹಾಗಾಗಿ ಯಾರೂ ಅನ್ನುತ್ತಿರಲಿಲ್ಲ.

ಶಶಿರೇಖಾಳ ಗಂಡ ಬೇಕರಿಯಲ್ಲಿ ಒಲೆಯ ಮುಂದೆ ದುಡಿಯುವವನು. ಇಬ್ಬರ ಸಂಬಳವೂ ತಿಂಗಳ ಇಪ್ಪತ್ತಕ್ಕೆಲ್ಲ ಸುಸ್ತಾಗುತ್ತಿತ್ತು. ಮಗಳು ಲಾಸ್ಯ ಎಂಟನೇ ಕ್ಲಾಸು. ಮುಂದಿನ ಹಲ್ಲುಗಳು ಒಂದರ ಮೇಲೊಂದು ಹತ್ತಿಕೊಂಡು ಬಂದಿದ್ದವು. ಆ ಹುಡುಗಿ ನಗುವಾಗ ಕೈ ಅಡ್ಡ ಹಿಡಿಯುವುದನ್ನು ನಾನು ಅಡುಗೆಮನೆ ಕಟ್ಟೆಯ ಮೇಲಿಂದ ನೋಡುತ್ತಿದ್ದೆ. ಅದು ಕಣ್ಣಿಗೆ ಬಿದ್ದ ದಿನವೆಲ್ಲ ಶಶಿರೇಖಾ ನನ್ನ ಮುಚ್ಚಳವನ್ನು ಸ್ವಲ್ಪ ಬಿಗಿಯಾಗಿಯೇ ತಿರುಗಿಸುತ್ತಿದ್ದಳು. ತಂತಿ ಹಾಕಿಸಬೇಕು, ಅದಕ್ಕೆ ಎರಡು ವರ್ಷ ಕೈ ಬಿಗಿಹಿಡಿಯಬೇಕು ಎಂದು ಅವಳು ನಿರ್ಧರಿಸಿದ್ದಳು. ಹಾಲಿನ ಪ್ಯಾಕೆಟ್ಟು ಒಂದು ಕಮ್ಮಿಯಾಯಿತು, ಆಟೋ ಹೋಗಿ ನಡಿಗೆ ಬಂತು. ಉಳಿದದ್ದು ಹನ್ನೊಂದು ಗಂಟೆಯ ವಡೆ.

ಮೊದಲು ಅವಳು ಮಾಡಿದ್ದು ಎಲ್ಲರೂ ಮಾಡುವಂಥದ್ದೇ. ಸುಳ್ಳು ಹೇಳಿದಳು. "ಗ್ಯಾಸ್ಟ್ರಿಕ್ ಆಗಿದೆ, ನೀವು ಹೋಗ್ಬನ್ನಿ." ಅವರು ಹೋದ ಮೇಲೆ ನನ್ನ ಮುಚ್ಚಳಕ್ಕೆ ಬಗ್ಗಿಸಿಕೊಂಡು ಒಬ್ಬಳೇ ಕುಡಿಯುತ್ತಿದ್ದಳು. ಮೂರನೆಯ ದಿನ ಮಾದೇಶ ಕರ್ಚೀಫು ಮರೆತು ವಾಪಸು ಬಂದ.

"ಏನಕ್ಕಾ, ಗ್ಯಾಸ್ಟ್ರಿಕ್ಕು ಬರೀ ಹೋಟ್ಲು ಕಾಫಿಗಾ? ಮನೆ ಕಾಫಿಗೆ ಪರ್ಮಿಶನ್ ಐತಾ?"

ಅವಳು ಅವನ ಕರ್ಚೀಫು ಎತ್ತಿ ಕೊಟ್ಟಳು. ನನ್ನ ಮುಚ್ಚಳದಲ್ಲಿದ್ದ ಕಾಫಿ ಕುಡಿದು ಮುಗಿಸಿದಳು. ಅಷ್ಟೇ.

ಆದರೆ ನಷ್ಟ ಬೇರೆಯೇ ಇತ್ತು. ಆ ದಿನದ ಯಾವ ಸೆಟ್ಟು ಯಾರಿಗೆ ಎಂದು ಚಲುವರಾಜು ಹಂಚುತ್ತಿದ್ದುದು ಹೋಟೆಲಿನ ಆ ಟೇಬಲ್ಲಿನಲ್ಲೇ. ಅಲ್ಲಿ ಇಲ್ಲದವಳಿಗೆ ಯಾರೂ ಬೇಡವೆಂದ ಕೆಲಸ ಉಳಿಯುತ್ತಿತ್ತು. ಪ್ಲಾಸ್ಟರು ಕಲಸು, ಅಚ್ಚು ಎರೆ, ಅಂಚು ಉಜ್ಜು. ಎರಡು ತಿಂಗಳು ಅವಳ ಕೈಗೆ ಒಂದು ಹಲ್ಲೂ ಬರಲಿಲ್ಲ. ಚಲುವರಾಜು ಬೇಕೆಂದು ಮಾಡಿದ್ದಲ್ಲ. ಎದುರಿಗೆ ನಿಂತವರ ಮುಖ ನೋಡಿ ಹಂಚುವವರು ಅವರು. ಅವಳ ಮುಖ ಅಲ್ಲಿರಲಿಲ್ಲ.

ಒಂದು ಮಧ್ಯಾಹ್ನ ನಲ್ಲಿಯ ಹತ್ತಿರ ಬೆರಳ ಪ್ಲಾಸ್ಟರು ತೊಳೆಯುತ್ತಾ ಅವಳು ಜಬೀನಾಳಿಗೆ ಹೇಳಿದ್ದನ್ನು ನಾನು ಪಕ್ಕದಲ್ಲೇ ಇದ್ದು ಕೇಳಿದೆ.

"ಯಾರ ಕಾಫೀನೂ ಬಿಟ್ಟಿ ಕುಡಿಯಲ್ಲ. ಯಾರ ಜೊತೇನೂ ಬಿಡಲ್ಲ. ಎರಡೂ ಆಗ್ಬೇಕು ನಂಗೆ."

"ಎರಡೂ ಹೆಂಗಾಗುತ್ತಕ್ಕಾ?"

"ಆಗಿಸ್ತೀನಿ."

ಮಾರನೇ ದಿನ ನನ್ನನ್ನು ಬ್ಯಾಗಿಗೆ ಹಾಕಿಕೊಂಡು ಅವಳೂ ಹೋಟೆಲಿಗೆ ಹೋದಳು. ಅವರ ಜೊತೆಯಲ್ಲೇ ನಿಂತು, ಅವರು ಹೋಟೆಲಿನ ಕಾಫಿ ಕುಡಿಯುವಾಗ ಇವಳು ನನ್ನ ಕಾಫಿ ಕುಡಿಯುವುದೆಂದು ಲೆಕ್ಕ. ಮುಚ್ಚಳ ತಿರುಗಿಸಿದ್ದೇ ತಡ, ಗಲ್ಲಾದವರು ಗೋಡೆಯ ಕಡೆ ಬೆರಳು ತೋರಿಸಿದರು. ಹೊರಗಿನ ತಿಂಡಿ ಪಾನೀಯ ತರಬಾರದು ಎಂಬ ಬೋರ್ಡು.

"ಮೇಡಂ, ನೀವೂ ದಿನಾ ಬರ್ತಿದ್ದೋರು. ನಾನು ಜೋರಾಗ್ ಹೇಳಂಗ್ ಮಾಡ್ಬೇಡಿ."

ಅವರು ಮೆಲ್ಲಗೇ ಹೇಳಿದ್ದರು. ಆದರೂ ಅಷ್ಟೂ ಟೇಬಲ್ಲಿಗೆ ಕೇಳಿಸಿತು. ಚಲುವರಾಜು ಮುಖ ಕೆಂಪಗೆ ಮಾಡಿಕೊಂಡು, "ನಾನೇನ್ ಕಾಫಿ ಕೊಡಿಸ್ದೆ ಇರೋನಾ? ನಮ್ ಮಾನ ಕಳೀತೀರಲ್ರೀ" ಎಂದರು. ಅವಳು ನನ್ನನ್ನು ಮುಚ್ಚಿ ಬ್ಯಾಗಿಗೆ ಹಾಕಿದಳು. ವಾಪಸು ಬರುವಾಗ ಬ್ಯಾಗಿನ ಹಿಡಿಯನ್ನು ಅವಳು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ, ನಾನು ಒಂದು ಸಲವೂ ತೂಗಾಡಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಬಿಡುತ್ತಿದ್ದರು. ಇವಳು ಎಂಟು ದಿನ ಯೋಚಿಸಿದಳು. ಆಮೇಲೆ ಒಂದು ಸೋಮವಾರ ಎಲ್ಲರ ಎದುರು ನಿಂತು, "ನಾಳೆಯಿಂದ ನಾನೂ ಸರದಿಗೆ ಸೇರ್ತೀನಿ. ನಾಳೆ ನಂದೇ. ಆದ್ರೆ ನನ್ನ ಸರದಿ ಕಾಫಿ ಹೋಟ್ಲಲ್ಲಿ ಅಲ್ಲ, ಇಲ್ಲಿ. ಮನೆಯಿಂದ ತರ್ತೀನಿ" ಎಂದಳು.

ಮಂಗಳವಾರ ಬೆಳಿಗ್ಗೆ ಅವಳು ಡಿಕಾಕ್ಷನ್ನು ಎರಡನೇ ಸಲ ನೀರು ಹಾಕದೆ ಇಳಿಸಿದಳು. ಮೊದಲು ಬಿಸಿನೀರು ಹಾಕಿ ನನ್ನನ್ನು ಬೆಚ್ಚಗೆ ಮಾಡಿ, ಆಮೇಲೆ ಕಾಫಿ ತುಂಬಿದಳು. ನಾಲ್ಕು ಸ್ಟೀಲ್ ಲೋಟ ಬಟ್ಟೆಯಲ್ಲಿ ಸುತ್ತಿಕೊಂಡಳು. ಹನ್ನೊಂದು ಗಂಟೆಗೆ ಮೇಜಿನ ಮೇಲಿನ ಮೇಣದ ಚೂರು ಒರೆಸಿ ಲೋಟ ಜೋಡಿಸಿದಳು. ಜಬೀನಾ ಬಂದು ಕೂತಳು. ಮಾದೇಶ ಬಾಗಿಲ ಕಡೆ ನೋಡುತ್ತಾ ನೋಡುತ್ತಾ ಕೂತ. ಚಲುವರಾಜು ಚಪ್ಪಲಿ ಮೆಟ್ಟಿದರು.

"ಮನೆ ಕಾಫಿ ಮನೇಲಿ ಕುಡಿಯೋದು ಕಣಮ್ಮ. ನಂಗೆ ಹೋಟ್ಲುದೇ ಆಗ್ಬೇಕು."

ಒಬ್ಬರೇ ಹೋದರು. ಶಶಿರೇಖಾ ಮೂರು ಲೋಟಕ್ಕೆ ಬಗ್ಗಿಸಿದಳು. ನಾಲ್ಕನೆಯ ಲೋಟದ ಕಾಫಿಯನ್ನು ನನ್ನೊಳಗೇ ಉಳಿಸಿ ಮುಚ್ಚಿದಳು. "ಅದು ಅವರ ಪಾಲು" ಎಂದಳು. ಮಾದೇಶ ಇನ್ನೊಂದು ಗುಟುಕಿಗೆ ಲೋಟ ಚಾಚಿದರೂ ಕೊಡಲಿಲ್ಲ. ನಾನು ಅದನ್ನು ಬೆಚ್ಚಗೆ ಕಾಯ್ದೆ. ನನಗೆ ಬರುವ ಕೆಲಸ ಅದೊಂದೇ.

ಅಂದು ಮೂರು ಗಂಟೆಗೆ ಆ ತಪ್ಪು ನಡೆಯಿತು. ಮರುದಿನ ಮೊಮ್ಮಗಳ ಬೀಗರೂಟ ಇದ್ದ ನಿವೃತ್ತ ಮೇಷ್ಟ್ರೊಬ್ಬರ ಸೆಟ್ಟು ಅದು. ಹಲ್ಲು ಕೂರಿಸಿದ ಮೇಣವನ್ನು ಪ್ಲಾಸ್ಟರಿನ ಅಚ್ಚಿನಲ್ಲಿ ಮುಚ್ಚಿ, ಕಾಯಿಸಿ, ಬಿಡಿಸಿ, ಕರಗಿದ ಮೇಣವನ್ನು ಕುದಿನೀರು ಸುರಿದು ತೊಳೆಯಬೇಕು. ಆಮೇಲೆ ಆ ಜಾಗಕ್ಕೆ ಗುಲಾಬಿ ಬಣ್ಣದ ಗಟ್ಟಿ ವಸಡು ತುಂಬುತ್ತಾರೆ. ಕೊನೆಯ ತೊಳೆತಕ್ಕೆ ಕೆಟಲಿನ ನೀರು ಸಾಲಲಿಲ್ಲ. ಚಲುವರಾಜು ಕನ್ನಡಕ ಹಣೆಗೇರಿಸಿಕೊಂಡು, ಎಡಗೈಲಿ ಅಚ್ಚು ಹಿಡಿದು, ಬಲಗೈ ಚಾಚಿದರು. ಕೈಗೆ ಸಿಕ್ಕಿದ್ದು ನಾನು. ಹೆಬ್ಬೆರಳಲ್ಲೇ ಮುಚ್ಚಳ ತಿರುಗಿಸಿ ತೆಗೆದರು. ಲ್ಯಾಬಿನಲ್ಲಿ ಮುಚ್ಚಳವಿರುವ ಪಾತ್ರೆ ಎಂದರೆ ಬಿಸಿನೀರಿನದೇ ಎಂಬ ಇಪ್ಪತ್ತು ವರ್ಷದ ಅಭ್ಯಾಸ.

ನನಗೆ ಬಾಯಿದೆ, ಮಾತಿಲ್ಲ. ಬಗ್ಗಿಸಿದರೆ ಸುರಿಯಲೇಬೇಕು. ಸುರಿದೆ.

ಇಪ್ಪತ್ತೆಂಟು ಬಿಳಿ ಹಲ್ಲುಗಳ ಮೇಲೆ ಹಾಲು ಬೆರೆತ ಕಾಫಿ ಹರಿಯಿತು. ಬಿಸಿ ಪ್ಲಾಸ್ಟರು ಬಾಯಾರಿದವರಂತೆ ಅದನ್ನು ಹೀರಿತು. ಕೋಣೆಗೆಲ್ಲ ಘಮ.

"ಇದ್ಯಾರ್ದು ಈ ನೀರು?" ಎಂದರು ಚಲುವರಾಜು.

"ನೀರಲ್ಲ ಸಾರ್" ಎಂದಳು ಶಶಿರೇಖಾ. "ನಿಮ್ಮ ಕಾಫಿ."

ಮಾದೇಶನಿಗೆ ನಗು ಬಂದಿತ್ತು. ಜಬೀನಾ ಅವನ ಕಾಲು ತುಳಿದಳು. ಹಾಲಿನ ಜಿಡ್ಡು ಕುಡಿದ ಅಚ್ಚು ಇನ್ನು ಕೆಲಸಕ್ಕೆ ಬಾರದು. ಹಲ್ಲುಗಳನ್ನು ಒಂದೊಂದಾಗಿ ಬಿಡಿಸಿ, ತೊಳೆದು, ಹೊಸ ಮೇಣದಲ್ಲಿ ಮೊದಲಿನಿಂದ ಕೂರಿಸಬೇಕು. ಮೇಷ್ಟ್ರು ಬೆಳಿಗ್ಗೆ ಒಂಬತ್ತಕ್ಕೆ ಬರುತ್ತಾರೆ. ಚಲುವರಾಜು ಸ್ಟೂಲಿನ ಮೇಲೆ ಕೂತರು.

ಆಗ ಶಶಿರೇಖಾಳಿಗೆ ಹೇಳಬೇಕೆಂದರೆ ಎಷ್ಟೋ ಮಾತಿದ್ದವು. ಹನ್ನೊಂದು ಗಂಟೆಗೇ ಕುಡಿದಿದ್ದರೆ ಎನ್ನಬಹುದಿತ್ತು. ಅನ್ನಲಿಲ್ಲ. ಕೈಯ ಪ್ಲಾಸ್ಟರು ಒರೆಸಿಕೊಂಡು ದೀಪ ಹತ್ತಿರಕ್ಕೆಳೆದಳು.

"ಕೊಡಿ ಸಾರ್. ನಾನು ಕೂರಿಸ್ತೀನಿ. ನೀವು ಮೇಣ ಬಿಸಿ ಮಾಡ್ಕೊಡಿ."

ಎರಡು ತಿಂಗಳು ಹಲ್ಲು ಮುಟ್ಟದ ಬೆರಳುಗಳು ಮೊದಲ ನಾಲ್ಕಕ್ಕೆ ತಡವರಿಸಿದವು. ಐದನೆಯದರಿಂದ ದಾರಿ ಸಿಕ್ಕಿತು. ಕೋರೆಹಲ್ಲಿನ ಓರೆ, ದವಡೆಯ ಬಾಗು, ಮೇಲಿನ ಸಾಲು ಕೆಳಗಿನ ಸಾಲಿನ ಮೇಲೆ ಕೂರುವ ಕೂದಲೆಳೆಯ ಅಳತೆ. ನಾನು ಖಾಲಿಯಾಗಿ ಪಕ್ಕದಲ್ಲಿ ನಿಂತು ನೋಡಿದೆ. ಏಳು ಗಂಟೆಗೆ ಅವಳು ಮೇಲೆದ್ದಾಗ ಚಲುವರಾಜು ಸೆಟ್ಟನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅದನ್ನು ಅಚ್ಚಿನಲ್ಲಿ ಮುಚ್ಚಿ, ವಸಡು ತುಂಬಿ ಬೇಯಿಸುವುದನ್ನು ತಾವೇ ನೋಡಿಕೊಳ್ಳುತ್ತೇನೆಂದು ಅವಳನ್ನು ಮನೆಗೆ ಕಳಿಸಿದರು.

ಮಾರನೇ ದಿನ ಮೇಷ್ಟ್ರು ಬಾಯಿಗಿಟ್ಟುಕೊಂಡು ಎರಡು ಸಲ ಕಚ್ಚಿ ನೋಡಿ, "ಮೂಳೆ ಕಡೀಬೋದಾ?" ಎಂದು ಕೇಳಿ ಹೋದರು. ಅವರು ಹೋದ ಮೇಲೆ ಚಲುವರಾಜು ಅವಳ ಹತ್ತಿರ ಬಂದು, "ಒಂದು ವಾರ ಎಲ್ರುದೂ ಕಾಫಿ ನಂದೇ. ಏನೂ ಅನ್ಬೇಡಿ" ಎಂದರು.

"ಬೇಡ ಸಾರ್" ಎಂದಳು. "ಇವತ್ತು ನಿಮ್ ಸರದಿ, ಹೋಟ್ಲಲ್ಲಿ ಕುಡೀತೀನಿ. ನನ್ನ ಸರದಿ ದಿನ ನೀವು ಇಲ್ಲಿ ಕುಡೀಬೇಕು. ಅದೊಂದು ಆಗ್ಬೇಕು."

"ವಡೆ?"

"ವಡೆ ಇಲ್ಲ ಸಾರ್. ನಮ್ ಹುಡುಗಿಗೆ ಹಲ್ಲಿಗೆ ತಂತಿ ಹಾಕಿಸ್ಬೇಕು. ಆಗೋವರ್ಗೂ ಇಲ್ಲ."

ಅವಳು ಆ ಮಾತನ್ನು ಮೊದಲ ಸಲ ಹೊರಗೆ ಹೇಳಿದ್ದು. ಅದರಲ್ಲಿ ನಾಚಿಕೆ ಇರಲಿಲ್ಲ, ಅಳುವೂ ಇರಲಿಲ್ಲ. ಬಸ್ಸಿನ ಹೊತ್ತು ಹೇಳಿದಂತೆ ಹೇಳಿದಳು. ಚಲುವರಾಜು ಕತ್ತು ಕೆರೆದುಕೊಂಡರು. "ಮೊದ್ಲೇ ಹೇಳ್ಬಾರ್ದಾಗಿತ್ತಾ" ಎಂದರು.

"ನೀವು ಕೇಳ್ತಿರ್ಲಿಲ್ಲ. ವಡೆ ಹೇಳ್ಬುಡ್ತಿದ್ರಿ."

ಆವತ್ತು ಹೋಟೆಲಿನಲ್ಲಿ ನಾನು ಬ್ಯಾಗಿನೊಳಗಿದ್ದೆ, ಬಾಯಿ ಮುಚ್ಚಿಕೊಂಡು. ಗಲ್ಲಾದವರು ಕೇಳುವ ಮೊದಲೇ ಚಲುವರಾಜು, "ಎರಡು ಬೈಟು" ಎಂದರು. ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚುವುದು ಬೈಟು. ಅದನ್ನು ಅವರ ಬಾಯಲ್ಲಿ ಆ ಹೋಟೆಲು ಎಂದೂ ಕೇಳಿರಲಿಲ್ಲ. ಜಬೀನಾ ಬಿಟ್ಟ ಉಸಿರು ಬ್ಯಾಗಿನೊಳಗಿದ್ದ ನನಗೂ ಕೇಳಿಸಿತು. ಅವಳಿಗೂ ಎಷ್ಟು ದಿನದಿಂದ ಆ ವಡೆ ಭಾರವಾಗಿತ್ತೋ. ಶಶಿರೇಖಾಳ ಸರದಿಯ ಶನಿವಾರ ಚಲುವರಾಜು ಚಪ್ಪಲಿ ಮೆಟ್ಟಲಿಲ್ಲ. ನನ್ನ ಕಾಫಿ ಕುಡಿದು, "ಸಕ್ಕರೆ ಒಂಚೂರು ಕಮ್ಮಿ" ಎಂದರು. ಲೋಟ ಮಾತ್ರ ಮತ್ತೆ ಚಾಚಿದರು. ಲ್ಯಾಬಿನ ಆ ಮೇಜಿನ ಮೇಲೇ ಎರಡು ಸೆಟ್ಟು ಅವಳ ಕಡೆ ಸರಿದವು.

ಆಮೇಲೆ ಏಳು ವರ್ಷ ನಾನು ಆ ಸರದಿ ತಪ್ಪಿಸಲಿಲ್ಲ. ಲಾಸ್ಯಳ ಹಲ್ಲಿಗೆ ತಂತಿ ಬಂತು, ತಂತಿ ಹೋಯಿತು. ಈಗ ಅವಳು ನಗುವಾಗ ಎರಡು ಕೈಯೂ ಬೇರೆ ಕೆಲಸದಲ್ಲಿರುತ್ತವೆ. ಚಲುವರಾಜು ನಿವೃತ್ತರಾದರು. ಕೆಲಸ ಹಂಚುವುದು ಈಗ ಶಶಿರೇಖಾ. ನಾನು ಒಂದು ದಿನ ಮಾದೇಶನ ಕೈಜಾರಿ ನೆಲಕ್ಕೆ ಬಿದ್ದು, ತಳದ ಆ ಸಾಸಿವೆಯಷ್ಟು ಬೆಸುಗೆ ಬಿಟ್ಟಿತು. ಗಾಳಿ ಒಳಗೆ ನುಗ್ಗಿತು. ಅಂದಿನಿಂದ ಕಾಫಿ ಹಾಕಿದರೆ ಹಿಡಿದವರ ಕೈ ಸುಡುತ್ತೇನೆ, ಅರ್ಧ ಗಂಟೆಗೆ ಆರಿಸುತ್ತೇನೆ. ಗುಜರಿಗೆ ಹಾಕೋಣವೆಂದ ಮಾದೇಶನನ್ನು ಅವಳು ಒಂದು ನೋಟ ನೋಡಿದಳು. ಈಗ ಕಿಟಕಿಯ ಮೂಲೆಯಲ್ಲಿ ಮೇಣ ಕೆತ್ತುವ ಚಾಕು, ಕುಂಚಗಳನ್ನು ಹಿಡಿದುಕೊಂಡು ನಿಂತಿದ್ದೇನೆ. ಇಲ್ಲಿಂದ ಮೇಜು ಚೆನ್ನಾಗಿ ಕಾಣುತ್ತದೆ.

ಹೋದ ತಿಂಗಳು ಶಿವನಂಜಪ್ಪ ಎಂಬ ಹೊಸಬರು ಸೇರಿದರು. ಐವತ್ತು ದಾಟಿದವರು. ವಾಚ್ ರಿಪೇರಿ ಅಂಗಡಿ ಮುಚ್ಚಿ ಬಂದವರಂತೆ. ನನ್ನೊಳಗಿಂದ ಚಾಕು ಎತ್ತಿಕೊಳ್ಳುವ ರೀತಿಯಲ್ಲೇ ತಿಳಿಯುತ್ತದೆ, ಸೂಕ್ಷ್ಮದ ಕೈ. ಮೊದಲ ದಿನ ಹನ್ನೊಂದು ಗಂಟೆಗೆ ಎಲ್ಲರೂ ಎದ್ದಾಗ ಅವರು ಏಳಲಿಲ್ಲ.

"ನಂಗೆ ಕಾಫಿ ಅಭ್ಯಾಸ ಇಲ್ಲಮ್ಮ. ಗ್ಯಾಸ್ಟ್ರಿಕ್ಕು. ನೀವು ಹೋಗ್ಬನ್ನಿ."

ಶಶಿರೇಖಾ ಬಾಗಿಲಲ್ಲಿ ನಿಂತಳು. ನನ್ನ ಕಡೆ ಒಮ್ಮೆ ನೋಡಿದಳೋ, ಕುಂಚಗಳ ಕಡೆ ನೋಡಿದಳೋ, ಹೇಳಲಾರೆ. ಗ್ಯಾಸ್ಟ್ರಿಕ್ಕು ಎಷ್ಟು ದಿನದಿಂದ ಎಂದು ಕೇಳಲಿಲ್ಲ. ನಾನು ಕೊಡಿಸುತ್ತೇನೆ ಬನ್ನಿ ಎಂದೂ ಅನ್ನಲಿಲ್ಲ.

"ನಾವು ಮೂರು ಜನ ಸಾರ್" ಎಂದಳು. "ಬೈಟುಗೆ ಒಬ್ರು ಕಮ್ಮಿ ಬೀಳ್ತಾರೆ. ದಿನಾ ಅರ್ಧ ಲೋಟ ಉಳ್ದೋಗ್ತಾ ಇದೆ. ಬನ್ನಿ."

ಅವರು ಒಂದು ಗಳಿಗೆ ಕೂತೇ ಇದ್ದರು. ಆಮೇಲೆ ಚಾಕುವನ್ನು ನನ್ನೊಳಗೆ ಇಟ್ಟು ಎದ್ದರು. ನಾಲ್ಕು ಜೊತೆ ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಹೋಯಿತು.

ನನ್ನಲ್ಲಿ ಈಗ ಬಿಸಿ ನಿಲ್ಲುವುದಿಲ್ಲ, ನಿಜ. ಆದರೆ ಒಳಗೆ ಎಷ್ಟು ಬಿಸಿ ಇದ್ದರೂ ಹಿಡಿದವರ ಕೈ ಸುಡದಂತೆ ಕೊಡುವುದನ್ನು ಒಬ್ಬಳು ನನ್ನ ಪಕ್ಕದಲ್ಲೇ ಕಲಿತಳು. ನಾನು ಕಲಿಸಿದ್ದೋ, ಅವಳೇ ಕಲಿತದ್ದೋ, ಗೊತ್ತಿಲ್ಲ. ದಿನಾ ವಾಪಸು ಬಂದಾಗ, ಲೋಟ ಹಿಡಿದು ಇನ್ನೂ ಬೆಚ್ಚಗಿರುವ ಕೈಯಲ್ಲಿ ಶಿವನಂಜಪ್ಪ ಚಾಕು ಎತ್ತಿಕೊಳ್ಳುತ್ತಾರೆ. ಆ ಬಿಸಿ ನನ್ನ ಅಂಚಿಗೂ ಒಂದಿಷ್ಟು ತಗಲುತ್ತದೆ.